ಲೂಸಿಯಾನಾದ ಲೆಕ್ಕ, ವೈಟ್ ಹೌಸಿನ ಕನಸು

ಅಮೆರಿಕದಲ್ಲಿ 2028ರ ಅಧ್ಯಕ್ಷ ಚುನಾವಣೆಯ ಮಾತು ಆಗಲೇ ಶುರುವಾಗಿದೆ. ಕ್ಯಾಲಿಫೋರ್ನಿಯಾದ ಗ್ಯಾವಿನ್ ನ್ಯೂಸಮ್, ಇಲಿನಾಯ್‌ನ ಜೆ.ಬಿ. ಪ್ರಿಟ್ಸ್‌ಕರ್, ಪೆನ್ಸಿಲ್ವೇನಿಯಾದ ಜಾಶ್ ಶಪೀರೊ, ಕೆಂಟಕಿಯ ಆಂಡಿ ಬೆಶಿಯರ್ ಹೀಗೆ ಗವರ್ನರುಗಳ ಹೆಸರು ಸಾಲಾಗಿ ಕೇಳಿಬರುತ್ತಿದೆ. ಇಂಥ ಸುದ್ದಿ ಓದಿದಾಗೆಲ್ಲ ನನಗೆ ಒಂದೇ ಪ್ರಶ್ನೆ ಕಾಡುತ್ತದೆ. ಗವರ್ನರ್ ಕಣ್ಣು ವೈಟ್ ಹೌಸಿನ ಮೇಲೆ ನೆಟ್ಟಾಗ ಅವರ ರಾಜ್ಯದ ಶಾಲೆ, ಆಸ್ಪತ್ರೆ, ತೆರಿಗೆಗಳ ತೀರ್ಮಾನ ಯಾರನ್ನು ನೋಡಿಕೊಂಡು ಆಗುತ್ತದೆ? ಇದಕ್ಕೆ ಉತ್ತರ ಹುಡುಕಲು ದಕ್ಷಿಣದ ಲೂಸಿಯಾನಾ ರಾಜ್ಯಕ್ಕಿಂತ ಒಳ್ಳೆಯ ಜಾಗ ಇಲ್ಲ. ಅಲ್ಲಿನ ಕಥೆ ಎಷ್ಟು ಗೋಜಲಾಗಿದೆ ಎಂದರೆ ಅಲ್ಲಿನವರೇ ಪೂರ್ತಿ ಬಿಡಿಸಿ ಹೇಳಲು ತಡವರಿಸುತ್ತಾರೆ.

ಮೊದಲು ಒಂದು ಸ್ಪಷ್ಟನೆ. ಅಲ್ಲಿನ ಗವರ್ನರ್ ಅಂದರೆ ನಮ್ಮ ರಾಜ್ಯಪಾಲರಂತೆ ಅಲ್ಲ. ಅಧಿಕಾರದ ಲೆಕ್ಕದಲ್ಲಿ ನಮ್ಮ ಮುಖ್ಯಮಂತ್ರಿಗೆ ಹತ್ತಿರ. ಆದರೆ ಶಾಸಕರು ಆರಿಸುವುದಿಲ್ಲ, ಇಡೀ ರಾಜ್ಯದ ಜನ ನೇರವಾಗಿ ಮತ ಹಾಕಿ ಆರಿಸುತ್ತಾರೆ. ಇನ್ನೊಂದು ವ್ಯತ್ಯಾಸವೂ ಇದೆ. 1996ರಲ್ಲಿ ದೇವೇಗೌಡರು ವಿಧಾನಸೌಧದಿಂದ ದಿಲ್ಲಿಗೆ ಹೋದದ್ದು ಕೂಟದ ನಾಯಕರು ಕೂತು ಆರಿಸಿದ್ದರಿಂದ. ಅಮೆರಿಕದಲ್ಲಿ ಹಾಗೆ ಆಗುವುದಿಲ್ಲ. ಅಧ್ಯಕ್ಷ ಆಗಬೇಕು ಅನ್ನುವ ಗವರ್ನರ್ ವರ್ಷಗಟ್ಟಲೆ ಮೊದಲೇ, ಪಕ್ಷದ ಅಭ್ಯರ್ಥಿ ಆರಿಸುವ ಮತದಾನ ಮೊದಮೊದಲು ನಡೆಯುವ ಅಯೋವಾ, ನ್ಯೂ ಹ್ಯಾಂಪ್‌ಶೈರ್‌ನಂಥ ಬೇರೆ ರಾಜ್ಯಗಳ ಊರೂರು ತಿರುಗಬೇಕು. ತನ್ನ ಪಕ್ಷದ ಕಟ್ಟಾ ಮತದಾರರನ್ನು, ದೇಣಿಗೆ ಕೊಡುವವರನ್ನು ಒಲಿಸಿಕೊಳ್ಳಬೇಕು. ಅವರ್ಯಾರೂ ಆ ಗವರ್ನರನ ರಾಜ್ಯದ ರಸ್ತೆಯಲ್ಲಿ ಓಡಾಡುವವರಲ್ಲ.

ಒಂದು ಕಾಲದಲ್ಲಿ ಈ ದಾರಿ ಚೆನ್ನಾಗಿಯೇ ನಡೆದಿತ್ತು. 1976ರಿಂದ 2004ರ ತನಕದ ಎಂಟು ಚುನಾವಣೆಗಳಲ್ಲಿ ಏಳನ್ನು ಗೆದ್ದವರು ಗವರ್ನರ್ ಆಗಿದ್ದವರೇ: ಕಾರ್ಟರ್, ರೇಗನ್, ಕ್ಲಿಂಟನ್, ಕಿರಿಯ ಬುಷ್. ಅದರ ನಂತರ ಒಬ್ಬ ಗವರ್ನರೂ ಗೆದ್ದಿಲ್ಲ. ಕನಸು ಮಾತ್ರ ನಿಂತಿಲ್ಲ.

ಲೂಸಿಯಾನಾದಲ್ಲಿ ಈ ಕನಸಿಗೆ ಹಳೆಯ ಬೇರು ಇದೆ. 1928ರಲ್ಲಿ ಗವರ್ನರ್ ಆದ ಹ್ಯೂಯಿ ಲಾಂಗ್ ರಸ್ತೆ, ಸೇತುವೆ ಕಟ್ಟಿಸಿದರು. ಮಕ್ಕಳಿಗೆ ಪುಕ್ಕಟೆ ಪಠ್ಯಪುಸ್ತಕ ಕೊಡಿಸಿದರು. ರಾಜ್ಯದ ವಿಶ್ವವಿದ್ಯಾಲಯ ಎಲ್‌ಎಸ್‌ಯು ಬೆಳೆಸಿದರು, ಬಡವರ ಚಾರಿಟಿ ಆಸ್ಪತ್ರೆಗಳಿಗೆ ಹಣ ಸುರಿದರು. ರಾಜಧಾನಿ ಬ್ಯಾಟನ್ ರೂಜ್‌ನಲ್ಲಿ 34 ಮಹಡಿಯ ಶಾಸನಸಭಾ ಭವನ ಎಬ್ಬಿಸಿದರು. ಇದಕ್ಕೆಲ್ಲ ಸಾಲ ತಂದರು, ಎಣ್ಣೆ ಕಂಪನಿಗಳ ಮೇಲೆ ತೆರಿಗೆ ಹಾಕಿದರು, ಎದುರಾಳಿಗಳನ್ನು ನಿರ್ದಯವಾಗಿ ತುಳಿದರು. 1936ರ ಅಧ್ಯಕ್ಷ ಚುನಾವಣೆಗೆ ಸಿದ್ಧತೆ ನಡೆದಿರುವಾಗಲೇ, 1935ರ ಸೆಪ್ಟೆಂಬರಿನಲ್ಲಿ, ತಾವೇ ಕಟ್ಟಿಸಿದ ಅದೇ ಭವನದಲ್ಲಿ ಗುಂಡೇಟು ತಿಂದು ತೀರಿಕೊಂಡರು. ಅವರ ಕಾಲದ ಎರಡು ಗುರುತುಗಳನ್ನು ಇಲ್ಲಿ ನೆನಪಿಟ್ಟುಕೊಳ್ಳಿ: ವಿಶ್ವವಿದ್ಯಾಲಯ ಮತ್ತು ಚಾರಿಟಿ ಆಸ್ಪತ್ರೆ. ಮುಂದಿನ ಕಥೆಯಲ್ಲಿ ಪೆಟ್ಟು ಬೀಳುವುದು ಅವೆರಡಕ್ಕೇ.

ಮುಂದಿನ ಎಪ್ಪತ್ತು ವರ್ಷದ ಲೂಸಿಯಾನಾವನ್ನು ಒಂದೇ ಮಾತಿನಲ್ಲಿ ಹೇಳಬಹುದು. ನೆಲದಿಂದ ತೆಗೆಯುವ ಕಚ್ಚಾ ಎಣ್ಣೆಯ ಬೆಲೆ ಏರಿದಾಗ ಖಜಾನೆ ತುಂಬಿತು, ಇಳಿದಾಗ ಬರಿದಾಯಿತು.

ಇಲ್ಲಿ ಎರಡು ಸಂಗತಿ ಗೊತ್ತಿರಲೇಬೇಕು. ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಒಂದು, 1974ರ ರಾಜ್ಯ ಸಂವಿಧಾನ ಮತ್ತು ಅದಕ್ಕೆ ಆದ ತಿದ್ದುಪಡಿಗಳು. ಇಂತಿಂಥ ಹಣ ಇಂತಿಂಥ ಕೆಲಸಕ್ಕೇ ಎಂದು ಇವು ಖಜಾನೆಯ ದೊಡ್ಡ ಪಾಲಿಗೆ ಬೀಗ ಹಾಕಿಬಿಟ್ಟಿವೆ. ಬೀಗವಿಲ್ಲದೆ ಉಳಿದ ದೊಡ್ಡ ಬಾಬ್ತು ಎರಡೇ: ಉನ್ನತ ಶಿಕ್ಷಣ ಮತ್ತು ಆರೋಗ್ಯ. ಹಾಗಾಗಿ ಹಣ ಕಡಿಮೆ ಬಿದ್ದಾಗೆಲ್ಲ ಕತ್ತರಿ ಅಲ್ಲಿಗೇ ಹೋಗುತ್ತದೆ.

ಇನ್ನೊಂದು, 2002ರ ಸ್ಟೆಲ್ಲಿ ಯೋಜನೆ. ಲೇಕ್ ಚಾರ್ಲ್ಸ್‌ನ ವಿಕ್ ಸ್ಟೆಲ್ಲಿ ಎಂಬ ರಿಪಬ್ಲಿಕನ್ ಶಾಸಕರು ತಂದದ್ದು. ದಿನಸಿ ಮೇಲೆ, ಮನೆಯ ಕರೆಂಟು ನೀರಿನ ಬಿಲ್ಲಿನ ಮೇಲೆ ರಾಜ್ಯದ ಮಾರಾಟ ತೆರಿಗೆ ತೆಗೆದರು. ಆ ನಷ್ಟ ತುಂಬಲು ಹೆಚ್ಚು ಸಂಬಳದವರ ಆದಾಯ ತೆರಿಗೆ ಏರಿಸಿದರು. ಬಡವರ ಅಡುಗೆಮನೆಯ ಭಾರ ಇಳಿಸಿ ಉಳ್ಳವರ ಮೇಲೆ ಸ್ವಲ್ಪ ಹೊರಿಸುವ ಲೆಕ್ಕ. ಮತದಾರರೇ ಇದಕ್ಕೆ ಒಪ್ಪಿಗೆ ಕೊಟ್ಟರು. ನನ್ನ ಮಟ್ಟಿಗೆ ಇದು ಆ ರಾಜ್ಯ ಮಾಡಿದ ಅತ್ಯಂತ ವಿವೇಕದ ಕೆಲಸಗಳಲ್ಲಿ ಒಂದು.

ಆಮೇಲೆ 2005ರ ಕತ್ರೀನಾ ಚಂಡಮಾರುತ ಬಂತು. ಊರು ಮತ್ತೆ ಕಟ್ಟಲು ಕೇಂದ್ರದಿಂದ ಹಣ ಹರಿಯಿತು. ಜನ ಮನೆ ಸಾಮಾನು, ಮರಮುಟ್ಟು, ಕಾರು ಕೊಂಡರು, ತೆರಿಗೆ ಉಕ್ಕಿತು. ಜೊತೆಗೆ ಎಣ್ಣೆ ಬೆಲೆಯೂ ಆಕಾಶಕ್ಕೆ ಏರಿತು. 2008ರ ಜನವರಿಯಲ್ಲಿ ರಿಪಬ್ಲಿಕನ್ ಪಕ್ಷದ ಬಾಬಿ ಜಿಂದಾಲ್ ಗವರ್ನರ್ ಆದಾಗ ಖಜಾನೆಯಲ್ಲಿ 100 ಕೋಟಿ ಡಾಲರ್ ಹತ್ತಿರದ ಉಳಿಕೆ ಇತ್ತು.

ಜಿಂದಾಲ್ ಹೆಸರು ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ತಂದೆ ತಾಯಿ ಪಂಜಾಬಿನವರು. ಅವರು ಹುಟ್ಟಿದ್ದು 1971ರಲ್ಲಿ ಬ್ಯಾಟನ್ ರೂಜ್‌ನಲ್ಲೇ. 24ನೇ ವಯಸ್ಸಿಗೇ ರಾಜ್ಯದ ಆರೋಗ್ಯ ಇಲಾಖೆಯ ಮುಖ್ಯಸ್ಥರಾದವರು. 36ನೇ ವಯಸ್ಸಿಗೆ ಅಮೆರಿಕದ ಮೊದಲ ಭಾರತೀಯ ಮೂಲದ ಗವರ್ನರ್ ಆದಾಗ ನಮ್ಮ ಪತ್ರಿಕೆಗಳೂ ಸಂಭ್ರಮಿಸಿದ್ದವು. ಜಾಣತನದ ಬಗ್ಗೆ ಯಾರಿಗೂ ಅನುಮಾನ ಇರಲಿಲ್ಲ. 2008ರ ಗುಸ್ತಾವ್ ಚಂಡಮಾರುತದ ಹೊತ್ತಿನಲ್ಲಿ ಅವರ ಆಡಳಿತ ಜನರನ್ನು ಸ್ಥಳಾಂತರ ಮಾಡಿದ ರೀತಿಗೆ ಮೆಚ್ಚುಗೆ ಸಿಕ್ಕಿತು. ಅದು ನ್ಯಾಯವಾದ ಮೆಚ್ಚುಗೆಯೇ.

ಅದೇ 2008ರಲ್ಲಿ ಶಾಸನಸಭೆ ಸ್ಟೆಲ್ಲಿ ಯೋಜನೆಯ ಅರ್ಧವನ್ನು ಕಿತ್ತುಹಾಕಿತು. ಏರಿಸಿದ್ದ ಆದಾಯ ತೆರಿಗೆ ಹೋಯಿತು. ದಿನಸಿಯ ವಿನಾಯಿತಿ ಸಂವಿಧಾನದಲ್ಲೇ ಇದ್ದುದರಿಂದ ಉಳಿಯಿತು. ಹೊಸ ಗವರ್ನರ್ ಮೊದಲು ಹಿಂಜರಿದರು, ಆಮೇಲೆ ಒಪ್ಪಿ ಸಹಿ ಹಾಕಿದರು. ಎರಡೂ ಪಕ್ಷದ ಶಾಸಕರು ಮತ ಹಾಕಿದ್ದರು. ತೆರಿಗೆ ಇಳಿದದ್ದಕ್ಕೆ ಜನರಿಗೂ ಖುಷಿಯಾಯಿತು. ಆದರೆ ಖಜಾನೆಗೆ ವರ್ಷಕ್ಕೆ 30 ಕೋಟಿ ಡಾಲರಿಗೂ ಜಾಸ್ತಿ ಖೋತಾ ಬಿತ್ತು. ಅದೇ ವರ್ಷದ ಕೊನೆಗೆ ಆರ್ಥಿಕ ಕುಸಿತ ಬಂತು, ಎಣ್ಣೆ ಬೆಲೆ ಬಿತ್ತು.

ಅಲ್ಲಿಂದ ಪ್ರತಿ ವರ್ಷ ಒಂದೇ ಪಾಡು. ಹಣ ಸಾಲದು, ತೆರಿಗೆ ಏರಿಸುವಂತಿಲ್ಲ. ಯಾಕೆ ಏರಿಸುವಂತಿಲ್ಲ? ಗ್ರೋವರ್ ನಾರ್ಕ್ವಿಸ್ಟ್ ಎಂಬವರು ವಾಷಿಂಗ್ಟನ್ನಿನಲ್ಲಿ ನಡೆಸುವ ಸಂಘಟನೆಯೊಂದು 1980ರ ದಶಕದಿಂದ ರಾಜಕಾರಣಿಗಳ ಕೈಯಲ್ಲಿ ಪ್ರತಿಜ್ಞೆಗೆ ಸಹಿ ಹಾಕಿಸುತ್ತದೆ. ಒಟ್ಟು ತೆರಿಗೆ ಹೆಚ್ಚಿಸುವ ಯಾವುದಕ್ಕೂ ಒಪ್ಪುವುದಿಲ್ಲ ಎಂಬ ಪ್ರತಿಜ್ಞೆ ಅದು. ಅಧ್ಯಕ್ಷ ಹುದ್ದೆಗೆ ನಿಲ್ಲುವ ರಿಪಬ್ಲಿಕನ್ನರಿಗೆ ಅದನ್ನು ಮುರಿಯುವುದು ಅಂದರೆ ದಾರಿಯನ್ನೇ ಮುಚ್ಚಿಕೊಂಡ ಹಾಗೆ. ಜಿಂದಾಲ್ ಸಹಿ ಹಾಕಿದ್ದರು. 2009ರಲ್ಲಿ ಒಬಾಮ ಭಾಷಣಕ್ಕೆ ಪಕ್ಷದ ಪರವಾಗಿ ಟಿವಿಯಲ್ಲಿ ಉತ್ತರ ಕೊಡಲು ಅವರನ್ನೇ ಆರಿಸಿದಾಗಿನಿಂದ ಅವರ ಹೆಸರು ಅಧ್ಯಕ್ಷ ಪದವಿಯ ಸುತ್ತಲೇ ಇತ್ತು.

ಈ ಪ್ರತಿಜ್ಞೆ ಎಷ್ಟು ಬಿಗಿ ಎಂಬುದಕ್ಕೆ 2011ರ ಒಂದು ಪ್ರಸಂಗ ಸಾಕು. ಸಿಗರೇಟ್ ಪ್ಯಾಕಿನ ಮೇಲಿನ ತೆರಿಗೆಯಲ್ಲಿ 4 ಸೆಂಟ್‌ನ ಅವಧಿ ಮುಗಿಯುತ್ತಿತ್ತು. ಇದ್ದದ್ದನ್ನೇ ಮುಂದುವರಿಸಿ ಎಂದು ಶಾಸನಸಭೆ ಮಸೂದೆ ಪಾಸು ಮಾಡಿತು. ಗವರ್ನರ್ ವಿಟೋ ಮಾಡಿ ತಡೆದರು. ಮುಂದುವರಿಸುವುದೂ ತೆರಿಗೆ ಏರಿಸಿದಂತೆಯೇ ಎಂಬುದು ಅವರ ವಾದ. ಕೊನೆಗೆ ಶಾಸಕರು ಆ 4 ಸೆಂಟನ್ನು ವಿದ್ಯಾರ್ಥಿವೇತನದ ಸಂವಿಧಾನ ತಿದ್ದುಪಡಿಯೊಳಗೆ ಸೇರಿಸಿ ಜನಮತಕ್ಕೆ ಬಿಟ್ಟರು. ಜನ ಒಪ್ಪಿದರು. ಗಮನಿಸಿ, ಅದೇ ಜನ ಅದೇ ತಿಂಗಳು ಜಿಂದಾಲ್ ಅವರನ್ನು ಮೂರರಲ್ಲಿ ಎರಡು ಪಾಲು ಮತ ಕೊಟ್ಟು ಮತ್ತೆ ಗೆಲ್ಲಿಸಿದರು. ತಪ್ಪು ಯಾರದು ಎಂದು ಬೆರಳು ತೋರಿಸಲು ಹೊರಟರೆ ಇಲ್ಲೇ ಕೈ ಸೋಲುತ್ತದೆ.

ತೆರಿಗೆ ಏರಿಸದೆ ಬಜೆಟ್ ಸರಿದೂಗಿಸುವುದು ಹೇಗೆ? ಕೂಡಿಟ್ಟದ್ದನ್ನು ತೆಗೆದರು. ವೃದ್ಧರ ಆರೈಕೆಗೆಂದು ಇಟ್ಟಿದ್ದ ನಿಧಿ ಕರಗಿತು. ಒಂದೇ ಸಲ ಬರುವ ಹಣದಲ್ಲಿ ಪ್ರತಿ ವರ್ಷದ ಖರ್ಚು ನಡೆಸಿದರು. ಬಿತ್ತನೆ ಭತ್ತ ಕುಟ್ಟಿ ಉಂಡ ಹಾಗೆ. ಇದನ್ನು ವಿರೋಧಿಸಿ ಎದ್ದು ನಿಂತವರಲ್ಲಿ ಗವರ್ನರ್ ಪಕ್ಷದ ಶಾಸಕರೇ ಇದ್ದರು ಎಂಬುದನ್ನು ಮರೆಯಬಾರದು. ಇನ್ನೊಂದು ಕಡೆ ಕತ್ತರಿ ನಡೆದೇ ಇತ್ತು. ಜಿಂದಾಲ್ ಅವಧಿ ಮುಗಿಯುವ ಹೊತ್ತಿಗೆ ಉನ್ನತ ಶಿಕ್ಷಣಕ್ಕೆ ರಾಜ್ಯ ಕೊಡುವ ಹಣ ಸುಮಾರು 70 ಕೋಟಿ ಡಾಲರ್ ಇಳಿದಿತ್ತು. ಅದನ್ನು ತುಂಬಿದ್ದು ವಿದ್ಯಾರ್ಥಿಗಳ ಫೀಸು. ಫೀಸು ಏರಿದರೆ ಅದು ತೆರಿಗೆ ಏರಿಕೆ ಅಲ್ಲ, ಪ್ರತಿಜ್ಞೆಗೆ ಧಕ್ಕೆ ಇಲ್ಲ. ಮಗಳನ್ನು ಕಾಲೇಜಿಗೆ ಕಳಿಸುವ ತಾಯಿಗೆ ಈ ವ್ಯತ್ಯಾಸದಿಂದ ಏನು ಬಂತು, ಹೇಳಿ.

ಆಸ್ಪತ್ರೆಗಳದ್ದೂ ಅದೇ ಕಥೆ. ನ್ಯೂ ಆರ್ಲಿಯನ್ಸ್‌ನ ಹಳೆಯ ಚಾರಿಟಿ ಆಸ್ಪತ್ರೆ ಕತ್ರೀನಾದ ನಂತರ ತೆರೆಯಲೇ ಇಲ್ಲ. 2012ರಲ್ಲಿ ಬಡವರ ಆರೋಗ್ಯ ಯೋಜನೆಯಾದ ಮೆಡಿಕೇಡ್‌ಗೆ ಕೇಂದ್ರದಿಂದ ಬರುವ ಪಾಲು ಕಡಿಮೆಯಾಯಿತು. ಆಗ ಉಳಿದ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆಚ್ಚಿನವನ್ನು ಒಂದೊಂದಾಗಿ ಖಾಸಗಿಯವರ ನಿರ್ವಹಣೆಗೆ ಕೊಟ್ಟರು. ಹ್ಯೂಯಿ ಲಾಂಗ್ ತಮ್ಮ, ತಾವೂ ಗವರ್ನರ್ ಆಗಿದ್ದ ಅರ್ಲ್ ಲಾಂಗ್ ಹೆಸರಿನ ಬ್ಯಾಟನ್ ರೂಜ್ ಆಸ್ಪತ್ರೆ 2013ರಲ್ಲಿ ಮುಚ್ಚಿತು. ಅತ್ತ ಒಬಾಮ ತಂದ ಆರೋಗ್ಯ ವಿಮೆ ಕಾಯ್ದೆಯಡಿ ಮೆಡಿಕೇಡ್ ವಿಸ್ತರಿಸಲು ಕೇಂದ್ರದ ಹಣ ಕಾದಿತ್ತು. ರಾಜ್ಯ ಬೇಡ ಎಂದಿತು. ಮುಂದೆ ಹೊರೆ ರಾಜ್ಯದ ಮೇಲೆ ಬೀಳುತ್ತದೆ ಎಂಬುದು ಅದಕ್ಕೆ ಕೊಟ್ಟ ಕಾರಣ. ಅದೇ ಹೊತ್ತಿಗೆ ರಿಪಬ್ಲಿಕನ್ ಪಕ್ಷದಲ್ಲಿ ಆ ಕಾಯ್ದೆಯ ಹೆಸರು ಎತ್ತಿದರೂ ಮತ ಹೋಗುತ್ತಿತ್ತು ಎಂಬುದೂ ನಿಜ.

2013ರಲ್ಲಿ ಇನ್ನೂ ದೊಡ್ಡ ಯೋಚನೆ ಬಂತು. ಆದಾಯ ತೆರಿಗೆಯನ್ನೇ ರದ್ದು ಮಾಡಿ, ಬದಲಿಗೆ ಮಾರಾಟ ತೆರಿಗೆಯನ್ನು ಶೇ 4ರಿಂದ ಶೇ 6ರ ಆಸುಪಾಸಿಗೆ ಏರಿಸುವುದು. ವ್ಯಾಪಾರಿಗಳೂ ಒಪ್ಪಲಿಲ್ಲ, ಚರ್ಚುಗಳ ಪಾದ್ರಿಗಳೂ ಒಪ್ಪಲಿಲ್ಲ. ಅಧಿವೇಶನದ ಮೊದಲ ದಿನವೇ ಗವರ್ನರ್ ಅದನ್ನು ಕೈಬಿಟ್ಟರು.

ಈಗ 2015ರ ವಸಂತಕ್ಕೆ ಬರೋಣ. ಇಡೀ ಕಥೆಯಲ್ಲಿ ನಾನು ಅತಿ ಹೆಚ್ಚು ಓದಿದ್ದು ಇದನ್ನೇ. ಹಿಂದಿನ ವರ್ಷ 100 ಡಾಲರ್ ಮೇಲಿದ್ದ ಎಣ್ಣೆ ಬ್ಯಾರಲ್‌ಗೆ 50ರ ಕೆಳಗೆ ಬಿದ್ದಿತ್ತು. ಮುಂದಿನ ವರ್ಷದ ಬಜೆಟ್ಟಿನಲ್ಲಿ 160 ಕೋಟಿ ಡಾಲರ್ ಕೊರತೆ. ಹೊಸ ಹಣ ಬರದಿದ್ದರೆ ಎಲ್‌ಎಸ್‌ಯುಗೆ ರಾಜ್ಯ ಕೊಡುವುದರಲ್ಲಿ ಐದರಲ್ಲಿ ನಾಲ್ಕು ಪಾಲು ಹೋಗುವ ಸ್ಥಿತಿ. ವಿಶ್ವವಿದ್ಯಾಲಯ ದಿವಾಳಿಯಂಥ ಘೋಷಣೆಗೆ ಕಾಗದಪತ್ರ ಸಿದ್ಧ ಮಾಡತೊಡಗಿತು. ತೆರಿಗೆ ಏರಿಸದೆ ಗತಿಯಿಲ್ಲ ಎಂದು ರಿಪಬ್ಲಿಕನ್ ಶಾಸಕರಿಗೂ ಅರ್ಥವಾಗಿತ್ತು. ಸಿಗರೇಟ್ ತೆರಿಗೆ 50 ಸೆಂಟ್ ಏರಿಸಲು, ಕಂಪನಿಗಳ ರಿಯಾಯಿತಿ ಕಡಿಮೆ ಮಾಡಲು ಅವರು ಸಿದ್ಧರಿದ್ದರು. ಆದರೆ ಒಟ್ಟು ಲೆಕ್ಕದಲ್ಲಿ ತೆರಿಗೆ ಏರಿದಂತೆ ಕಂಡರೆ ಗವರ್ನರ್ ಸಹಿ ಬೀಳುವುದಿಲ್ಲ.

ಆಗ ಹುಟ್ಟಿದ್ದು ‘ಸೇವ್’ ಎಂಬ ಯೋಜನೆ. ಇದನ್ನು ನಿಧಾನವಾಗಿ ನೋಡಬೇಕು. ಪ್ರತಿ ವಿದ್ಯಾರ್ಥಿಯ ಮೇಲೆ ಸಾವಿರಕ್ಕೂ ಜಾಸ್ತಿ ಡಾಲರ್ ಹೊಸ ಫೀಸು ಹಾಕುವುದು. ಆದರೆ ವಿದ್ಯಾರ್ಥಿ ಒಂದು ಪೈಸೆಯೂ ಕಟ್ಟುವುದಿಲ್ಲ. ಅಷ್ಟೇ ಮೊತ್ತದ ತೆರಿಗೆ ರಿಯಾಯಿತಿ ಆ ಹುಡುಗನ ಹೆಸರಿಗೆ ಹುಟ್ಟುತ್ತದೆ. ಅದು ಅವನ ಕೈಗೂ ಬರುವುದಿಲ್ಲ, ನೇರ ಉನ್ನತ ಶಿಕ್ಷಣ ಮಂಡಳಿಗೆ ಹೋಗುತ್ತದೆ. ಮಂಡಳಿ ಅದನ್ನು ರಾಜ್ಯದ ಖಜಾನೆಗೆ ತೋರಿಸಿ ಹಣ ಪಡೆಯುತ್ತದೆ. ಅಂದರೆ ಖಜಾನೆಯ ಹಣ ಕಾಲೇಜಿಗೆ ಹೋಯಿತು, ಎಂದಿನಂತೆಯೇ. ನಡುವೆ ಆದದ್ದು ಇಷ್ಟೇ: ಸುಮಾರು 35 ಕೋಟಿ ಡಾಲರ್ ‘ತೆರಿಗೆ ಇಳಿಕೆ’ ಎಂದು ಕಾಗದದ ಮೇಲೆ ಬಿತ್ತು. ನಿಜವಾಗಿ ಏರಿಸಿದ ತೆರಿಗೆಗೆ ಅದು ವಜಾ ಆಯಿತು. ಪ್ರತಿಜ್ಞೆ ಉಳಿಯಿತು.

ಈ ಲೆಕ್ಕ ಯಾರಿಗೂ ಇಷ್ಟವಿರಲಿಲ್ಲ. ಕೆಲವು ರಿಪಬ್ಲಿಕನ್ ಶಾಸಕರು ನಾರ್ಕ್ವಿಸ್ಟ್ ಅವರಿಗೇ ಕಾಗದ ಬರೆದು, ಇದು ಬೇಕಾ ಎಂದು ಕೇಳಿದರು. ಒಂದು ರಾಜ್ಯದ ಜನ ಆರಿಸಿದ ಶಾಸಕರು, ತಮ್ಮ ಬಜೆಟ್ಟಿಗಾಗಿ, ಅಲ್ಲಿ ಒಂದು ಮತವೂ ಪಡೆಯದವರಿಗೆ ಬರೆದ ಕಾಗದ ಅದು. ಅದನ್ನು ಓದಿದಾಗ ನನಗೆ ನಿಜಕ್ಕೂ ಸಂಕಟವಾಗಿತ್ತು. ಜೂನ್ 11ರಂದು, ಅಧಿವೇಶನದ ಕೊನೆಯ ದಿನ, ಮನಸ್ಸಿಲ್ಲದ ಮನಸ್ಸಿನಿಂದ ಶಾಸಕರು ಯೋಜನೆ ಪಾಸು ಮಾಡಿದರು. ವಿಟೋ ಆದರೆ ಕಾಲೇಜುಗಳೇ ಮುಳುಗುತ್ತಿದ್ದವು. ಹದಿಮೂರು ದಿನಕ್ಕೆ, ಜೂನ್ 24ರಂದು, ನ್ಯೂ ಆರ್ಲಿಯನ್ಸ್ ಪಕ್ಕದ ಕೆನ್ನರ್‌ನಲ್ಲಿ ಜಿಂದಾಲ್ ಅಧ್ಯಕ್ಷ ಚುನಾವಣೆಗೆ ನಿಲ್ಲುವುದಾಗಿ ಸಾರಿದರು.

ಪ್ರಚಾರ ಐದು ತಿಂಗಳೂ ನಡೆಯಲಿಲ್ಲ. ಸಮೀಕ್ಷೆಗಳಲ್ಲಿ ಶೇ 1ರ ಸುತ್ತಮುತ್ತಲೇ ಉಳಿದರು. ಮುಖ್ಯ ಚರ್ಚೆಯ ವೇದಿಕೆ ಒಂದು ಸಲವೂ ಸಿಗಲಿಲ್ಲ. ನವೆಂಬರ್ 17ರಂದು ಹಿಂದೆ ಸರಿದರು. ನಾಲ್ಕು ದಿನದ ನಂತರ, ರಿಪಬ್ಲಿಕನ್ನರ ಕೋಟೆಯಂತಿದ್ದ ಲೂಸಿಯಾನಾದಲ್ಲಿ ಡೆಮಾಕ್ರಟ್ ಜಾನ್ ಬೆಲ್ ಎಡ್ವರ್ಡ್ಸ್ ಗವರ್ನರ್ ಚುನಾವಣೆ ಗೆದ್ದರು.

2016ರ ಫೆಬ್ರುವರಿಯಲ್ಲಿ ಎಡ್ವರ್ಡ್ಸ್ ಟಿವಿಯಲ್ಲಿ ಕೂತು, ಹಣ ಹುಟ್ಟದಿದ್ದರೆ ಎಲ್‌ಎಸ್‌ಯು ಫುಟ್‌ಬಾಲಿಗೂ ಕಷ್ಟ ಬರಬಹುದು ಎಂದರು. ಆ ರಾಜ್ಯದಲ್ಲಿ ಅದಕ್ಕಿಂತ ದೊಡ್ಡ ಎಚ್ಚರಿಕೆ ಇಲ್ಲ. ಏಪ್ರಿಲ್‌ನಿಂದ ರಾಜ್ಯದ ಮಾರಾಟ ತೆರಿಗೆ ಶೇ 5ಕ್ಕೆ ಏರಿತು. ಊರಿನ ತೆರಿಗೆಯೂ ಸೇರಿದರೆ ದೇಶದಲ್ಲೇ ಅತಿ ಹೆಚ್ಚು. ಕೂಲಿಯವರೂ ಶ್ರೀಮಂತರೂ ಒಂದೇ ದರದಲ್ಲಿ ಕಟ್ಟುವ ತೆರಿಗೆ ಇದು. ಎಂಟು ವರ್ಷ ಮುಂದೂಡಿದ್ದ ಹೊರೆ ಕೊನೆಗೆ ಬಂದು ಬಿದ್ದದ್ದು ಅಂಗಡಿಯ ಬಿಲ್ಲಿನ ಮೇಲೆ. ಮೆಡಿಕೇಡ್ ಕೂಡ ಆ ವರ್ಷವೇ ವಿಸ್ತರಣೆಯಾಯಿತು. ಮೊದಲ ವರ್ಷದಲ್ಲೇ 4 ಲಕ್ಷಕ್ಕೂ ಜಾಸ್ತಿ ಜನ ಹೆಸರು ಬರೆಸಿದರು. ಅಷ್ಟು ಜನ ಅಲ್ಲಿಯ ತನಕ ಹೊರಗೆ ನಿಂತಿದ್ದರು.

ಇಂಥ ಪೇಚು ಲೂಸಿಯಾನಾ ಒಂದರದ್ದೇ ಅಲ್ಲ. ಕನ್ಸಾಸ್‌ನಲ್ಲಿ 2012ರಲ್ಲಿ ಇಳಿಸಿದ ಆದಾಯ ತೆರಿಗೆಯನ್ನು 2017ರಲ್ಲಿ ಅಲ್ಲಿನ ಶಾಸಕರೇ ಮತ್ತೆ ಏರಿಸಬೇಕಾಯಿತು. 2023ರಲ್ಲಿ ಫ್ಲಾರಿಡಾ, ಅಲ್ಲಿನ ಗವರ್ನರ್ ಅಧ್ಯಕ್ಷ ಚುನಾವಣೆಗೆ ನಿಂತರೂ ಹುದ್ದೆ ಬಿಡಬೇಕಿಲ್ಲ ಎಂದು ಕಾನೂನು ತಿದ್ದಿತು. ಆ ಗವರ್ನರ್ ರಾನ್ ಡಿಸ್ಯಾಂಟಿಸ್ ಅಯೋವಾದ 99 ಕೌಂಟಿಗಳನ್ನೂ ಸುತ್ತಿ, 2024ರ ಜನವರಿಯಲ್ಲಿ ಕಣ ಬಿಟ್ಟು ಬಂದರು. ಪಕ್ಷ ಬೇರೆ, ಊರು ಬೇರೆ ಆದರೂ ಎಳೆತ ಒಂದೇ. ಈಗ ಹೆಸರು ಕೇಳಿಬರುತ್ತಿರುವ ಡೆಮಾಕ್ರಟ್ ಗವರ್ನರುಗಳಿಗೂ ಅವರ ಪಕ್ಷದ ಕಟ್ಟಾ ಬೆಂಬಲಿಗರು, ದೇಣಿಗೆದಾರರು ಇದ್ದಾರೆ. ಅವರಿಗೂ ಅವರದೇ ಪ್ರತಿಜ್ಞೆಗಳಿವೆ.

ಲೂಸಿಯಾನಾದಲ್ಲಿ 2024ರ ನವೆಂಬರಿನಲ್ಲಿ ಗವರ್ನರ್ ಜೆಫ್ ಲ್ಯಾಂಡ್ರಿ ಕರೆದ ವಿಶೇಷ ಅಧಿವೇಶನ ತೆರಿಗೆಯನ್ನು ಮತ್ತೆ ಬದಲಿಸಿತು. ಮಧ್ಯೆ ಶೇ 4.45ಕ್ಕೆ ಇಳಿದಿದ್ದ ಮಾರಾಟ ತೆರಿಗೆ 2025ರ ಜನವರಿ 1ರಿಂದ ಮತ್ತೆ ಶೇ 5 ಆಯಿತು. ಆದಾಯ ತೆರಿಗೆ ಎಲ್ಲರಿಗೂ ಶೇ 3. 2002ರಲ್ಲಿ ಮತದಾರರು ಒಪ್ಪಿದ್ದ ಸ್ಟೆಲ್ಲಿ ಯೋಜನೆಯಲ್ಲಿ ದಿನಸಿಯ ವಿನಾಯಿತಿ ಇನ್ನೂ ಸಂವಿಧಾನದಲ್ಲಿದೆ. ಹೆಚ್ಚು ಸಂಬಳದವರಿಂದ ಬರಬೇಕಿದ್ದ ಇನ್ನರ್ಧ ಮಾತ್ರ ಮತ್ತೆ ಬರಲೇ ಇಲ್ಲ.