ಮ್ಯಾಚಿಂಗ್ ನಂಬರ್ಸ್ ಎಂದರೆ ಒಂದೇ ನಂಬರ್ ಅಲ್ಲ: ಹಳೆಯ ಅಮೆರಿಕನ್ ಐಷಾರಾಮಿ ಕಾರುಗಳನ್ನು ಪರೀಕ್ಷಿಸುವ ಬಗ್ಗೆ ಅಧ್ಯಯನ ಟಿಪ್ಪಣಿ

ಹಳೆಯ ಅಮೆರಿಕನ್ ಐಷಾರಾಮಿ ಕಾರುಗಳ ಅಸಲಿತನವನ್ನೂ ಬೆಲೆಯನ್ನೂ ಅಳೆಯುವುದನ್ನು ಕಲಿಯಲು ಕುಳಿತಾಗ ನನ್ನನ್ನು ಬಹಳ ದಿನ ಕಾಡಿದ್ದು ಹರಾಜಿನ ಕ್ಯಾಟಲಾಗುಗಳಲ್ಲಿ ಪದೇ ಪದೇ ಬರುವ ‘ಮ್ಯಾಚಿಂಗ್ ನಂಬರ್ಸ್’ ಎಂಬ ಮಾತು. ಇಂಜಿನ್ನಿನ ಮೇಲೂ ಚಾಸಿಯ ಮೇಲೂ ಒಂದೇ ಸಂಖ್ಯೆ ಇದ್ದರೆ ಕಾರು ಅಸಲಿ ಎಂದು ನಾನು ತಿಳಿದಿದ್ದೆ. ಹಾಗೆ ಹುಡುಕುತ್ತ ಹೋದಾಗ ಡ್ಯೂಸೆನ್‌ಬರ್ಗ್ ಎಂಬ ಅಮೆರಿಕನ್ ಕಂಪನಿಯ ಮಾಡೆಲ್ ಜೆ ಕಾರುಗಳಲ್ಲಿ ಒಂದಕ್ಕೂ ಸಂಖ್ಯೆ ಹೊಂದುತ್ತಿಲ್ಲವೆಂದು ಕಂಡು ಗಾಬರಿಯಾಯಿತು. ಆ ಗೊಂದಲ ಬಗೆಹರಿದ ದಾರಿ ಇನ್ನೂ ನೆನಪಿನಲ್ಲಿರುವಾಗಲೇ ಬರೆದಿಡುತ್ತಿದ್ದೇನೆ. ಬಣ್ಣ, ಟೈರು, ಸೀಟಿನ ಚರ್ಮ ಮೊದಲಾದವುಗಳ ತಪಾಸಣೆ ಎಲ್ಲರಿಗೂ ತಿಳಿದದ್ದೇ ಆದ್ದರಿಂದ ಅವನ್ನು ಇಲ್ಲಿ ಬಿಟ್ಟಿದ್ದೇನೆ.

ಚಾಸಿ ಒಬ್ಬರದು, ಬಾಡಿ ಇನ್ನೊಬ್ಬರದು

ನಮ್ಮಲ್ಲಿ ಖಾಸಗಿ ಬಸ್ಸಿನ ಮಾಲೀಕರು ಕಂಪನಿಯಿಂದ ಬರಿಯ ಚಾಸಿ ಕೊಂಡು, ಬಾಡಿ ಕಟ್ಟುವವರ ಬಳಿಗೆ ಒಯ್ಯುವುದನ್ನು ಹೆದ್ದಾರಿಯಲ್ಲಿ ಕಂಡವರಿಗೆ ಈ ಭಾಗ ಸುಲಭವಾಗಿ ಅರ್ಥವಾಗುತ್ತದೆ. 1928ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ ಹೊರಬಂದ ಡ್ಯೂಸೆನ್‌ಬರ್ಗ್ ಮಾಡೆಲ್ ಜೆ ಕಾರನ್ನೂ ಇದೇ ರೀತಿ ಮಾರುತ್ತಿದ್ದರು. ಕಂಪನಿ ಕೊಡುತ್ತಿದ್ದುದು ಚಾಸಿ, ಇಂಜಿನ್ ಮತ್ತು ಮುಂಭಾಗದ ಅಂಗಗಳನ್ನು ಮಾತ್ರ. ಅಷ್ಟಕ್ಕೇ ಆರಂಭದ ಬೆಲೆ 8,500 ಡಾಲರ್. ಕೊಂಡವರು ಅದರ ಮೇಲೆ ಪಾಸಡೀನಾದ ಮರ್ಫಿ, ನ್ಯೂಯಾರ್ಕಿನ ರೋಲ್ಸ್‌ಟನ್, ಲೆಬ್ಯಾರನ್, ಜಡ್ಕಿನ್ಸ್, ಡರ್‌ಹ್ಯಾಮ್ ಮುಂತಾದ ಕಾರ್ಖಾನೆಗಳಲ್ಲಿ ತಯಾರಾದ ಬಾಡಿ ಕೂರಿಸಿಕೊಳ್ಳುತ್ತಿದ್ದರು. ಇಂದೂರಿನ ಮಹಾರಾಜ ಯಶವಂತರಾವ್ ಹೋಳ್ಕರ್ ಅವರ ಡ್ಯೂಸೆನ್‌ಬರ್ಗಿನ ಬಾಡಿಯನ್ನು ಕಟ್ಟಿದ್ದು ಲಂಡನ್ನಿನ ಗರ್ನಿ ನಟಿಂಗ್. ಅಮೆರಿಕದ ಕಾರಿಗೆ ಇಂಗ್ಲೆಂಡಿನ ಬಾಡಿ ಎಂದ ಮಾತ್ರಕ್ಕೆ ಅದರ ಅಸಲಿತನಕ್ಕೆ ಕುಂದಿಲ್ಲ, ಏಕೆಂದರೆ ಆ ಚಾಸಿಯ ಮೇಲೆ ಮೊದಲು ಕೂತ ಬಾಡಿಯೇ ಅದು.

ಹೀಗಾಗಿ ಅಸಲಿತನದ ಪ್ರಶ್ನೆ ಒಂದಲ್ಲ, ಮೂರು: ಚಾಸಿ ಅಸಲಿಯೇ, ಇಂಜಿನ್ ಅದೇ ಚಾಸಿಯದೇ, ಬಾಡಿ ಅದೇ ಚಾಸಿಗಾಗಿ ಕಟ್ಟಿದ್ದೇ? ಮೂರಕ್ಕೂ ಪ್ರತ್ಯೇಕ ಪುರಾವೆ ಬೇಕು.

ಸಂಖ್ಯೆಗಳು ಹೊಂದುವುದು ಎಂದರೇನು

ನಾನು ಎಡವಿದ್ದು ಇಲ್ಲಿಯೇ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ನಮ್ಮ ಆರ್‌ಸಿ ಪುಸ್ತಕದಲ್ಲಿ ಚಾಸಿ ನಂಬರ್ ಬೇರೆ, ಇಂಜಿನ್ ನಂಬರ್ ಬೇರೆ ಎಂದು ಎರಡು ಸಾಲು ಇರುತ್ತದೆ. ಎರಡೂ ಒಂದೇ ಆಗಿರಬೇಕೆಂದು ಯಾರೂ ಬಯಸುವುದಿಲ್ಲ, ವಾಹನ ಕಾರ್ಖಾನೆಯಿಂದ ಹೊರಬಿದ್ದಾಗ ಆ ಎರಡು ಸಂಖ್ಯೆಗಳು ಜೋಡಿಯಾಗಿದ್ದವೆಂದು ದಾಖಲೆ ಹೇಳಿದರೆ ಸಾಕು. ಡ್ಯೂಸೆನ್‌ಬರ್ಗಿನಲ್ಲೂ ನಡೆಯುವುದು ಇಷ್ಟೇ. ಇಂಜಿನ್ನಿನ ಸಂಖ್ಯೆ ಜೆ ಅಕ್ಷರದಿಂದ ಆರಂಭವಾಗಿ ಮೂರು ಅಂಕಿಗಳಲ್ಲಿ ಮುಗಿಯುತ್ತದೆ. ಚಾಸಿಯ ಸಂಖ್ಯೆ 2ರಿಂದ ಆರಂಭವಾಗುವ ನಾಲ್ಕು ಅಂಕಿಗಳದು. ಎರಡೂ ಬೇರೆ ಬೇರೆ ಸರಣಿಗಳು, ಎಂದಿಗೂ ಒಂದಾಗಲಾರವು. ಮ್ಯಾಚಿಂಗ್ ಎಂದರೆ ಈ ಜೋಡಿ ಹಳೆಯ ದಾಖಲೆಯಲ್ಲಿರುವ ಜೋಡಿಯೊಂದಿಗೆ ಹೊಂದುವುದು, ಒಂದು ಸಂಖ್ಯೆ ಇನ್ನೊಂದರೊಂದಿಗೆ ಹೊಂದುವುದಲ್ಲ.

ಹದಿನಾರು ಸಿಲಿಂಡರಿನ ಕ್ಯಾಡಿಲಾಕ್ ವಿ-16ರಲ್ಲಿ ಲೆಕ್ಕ ಮತ್ತೆ ಬೇರೆ. 1930ರ ಜನವರಿಯಲ್ಲಿ ಬಂದ, 452 ಘನ ಅಂಗುಲದ ಇಂಜಿನ್ನಿನ ಈ ಕಾರಿನಲ್ಲಿ ಇಂಜಿನ್ ನಂಬರೇ (1930-31ರ ಕಾರುಗಳಲ್ಲಿ ಅದು 7ರಿಂದ ಆರಂಭವಾಗುತ್ತದೆ) ಇಡೀ ಕಾರಿನ ಗುರುತು, ನೋಂದಣಿಯೂ ಅದರ ಮೇಲೆಯೇ. ಅದರ ಜೊತೆಗೆ ‘ಇಂಜಿನ್ ಯೂನಿಟ್ ನಂಬರ್’ ಎಂಬ ಇನ್ನೊಂದು ಸಂಖ್ಯೆ ಇದ್ದು, ಅದು ಕಾರ್ಖಾನೆಯ ಒಳಗಿನ ಲೆಕ್ಕಕ್ಕಾಗಿ ಕೊಟ್ಟದ್ದು. ಮೊದಲನೆಯದು ಎಲ್ಲರಿಗೂ ಕಾಣುವುದರಿಂದ ಮೋಸ ಮಾಡುವವನು ಅದನ್ನು ಹೊಸದಾಗಿ ಕೊರೆಯಬಹುದು. ಎರಡನೆಯದನ್ನು ಮರೆಯುವುದೇ ಹೆಚ್ಚು. ಆದ್ದರಿಂದ ಕಂಪನಿಯ ಬಿಲ್ಡ್ ಶೀಟಿನ, ಅಂದರೆ ಕಾರು ತಯಾರಾದಾಗ ಬರೆದಿಟ್ಟ ವಿವರಪಟ್ಟಿಯ, ಪ್ರತಿಯನ್ನು ತರಿಸಿ, ಅದರಲ್ಲಿರುವ ಯೂನಿಟ್ ನಂಬರನ್ನು ಇಂಜಿನ್ನಿನ ಮೇಲಿರುವುದರ ಪಕ್ಕದಲ್ಲಿಟ್ಟು ನೋಡಬೇಕು. ನಾನು ಈಗ ಯಾವ ವಿ-16ರ ವಿವರಣೆ ಓದಿದರೂ ಮೊದಲು ಹುಡುಕುವುದು ಈ ಸಂಖ್ಯೆಯನ್ನೇ.

ಪ್ಯಾಕಾರ್ಡ್ ಎಂಬ ಇನ್ನೊಂದು ಕಾರು ಕಂಪನಿಯ ಪದ್ಧತಿ ನನಗೆ ಅಚ್ಚುಮೆಚ್ಚು. ಇಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡುಗೋಡೆಯ ಮೇಲೆ, ಅಂದರೆ ಫೈರ್‌ವಾಲಿನ ಮೇಲೆ, ಒಂದು ಪುಟ್ಟ ಫಲಕವಿದ್ದು, ಅದರಲ್ಲಿ ವಾಹನ ಸಂಖ್ಯೆಯ ಜೊತೆಗೆ ಕಾರನ್ನು ಮಾರಿದ ಡೀಲರಿನ ಹೆಸರೂ ಗ್ರಾಹಕರಿಗೆ ಒಪ್ಪಿಸಿದ ತಾರೀಖೂ ಇರುತ್ತವೆ. 1930ರ ದಶಕದ ಮಧ್ಯದ ಕಾರುಗಳಲ್ಲಿ ವಾಹನ ಸಂಖ್ಯೆಯ ಮೊದಲ ಭಾಗ ಬಾಡಿಯ ನಮೂನೆಯನ್ನೇ ಸೂಚಿಸುವುದರಿಂದ, ಸೆಡಾನಿನ ಸಂಖ್ಯೆ ಹೊತ್ತ ಫಲಕ ರೋಡ್‌ಸ್ಟರ್ (ಎರಡು ಸೀಟಿನ ತೆರೆದ ಕಾರು) ಮೇಲೆ ಕಂಡರೆ ಅಲ್ಲಿಯೇ ನಿಂತು ಪ್ರಶ್ನೆ ಕೇಳಬೇಕಾಗುತ್ತದೆ. ಆದರೆ ಇಂಥ ಫಲಕಗಳ ಹೊಸ ನಕಲುಗಳು ಮಾರಾಟಕ್ಕೆ ಸಿಗುತ್ತವೆ ಎಂಬುದನ್ನು ಮರೆಯಬಾರದು. ಫಲಕ ಫಳಫಳ ಹೊಳೆಯುತ್ತಿದ್ದು, ಅದನ್ನು ಹಿಡಿದಿರುವ ರಿವೆಟ್ಟುಗಳೂ ಹೊಸದಾಗಿದ್ದು, ಸುತ್ತಲಿನ ತಗಡು ಮಾತ್ರ ಹಳೆಯದಾಗಿದ್ದರೆ ಆ ಫಲಕವನ್ನು ಸಾಕ್ಷಿಯೆಂದು ನಾನು ಪರಿಗಣಿಸುವುದಿಲ್ಲ.

ಬಾಡಿ ಬದಲಾದಾಗ

ಮೇಲ್ಛಾವಣಿ ಇಲ್ಲದ ಅಥವಾ ಮಡಚುವ ಛಾವಣಿಯ ಕಾರುಗಳಿಗೆ ಮುಚ್ಚಿದ ಸೆಡಾನ್ ಮತ್ತು ಲಿಮೋಸಿನ್‌ಗಳಿಗಿಂತ ಎಷ್ಟೋ ಪಟ್ಟು ಹೆಚ್ಚು ಬೆಲೆ. ಈ ಒಂದು ಕಾರಣಕ್ಕಾಗಿ ಎಷ್ಟೋ ಲಿಮೋಸಿನ್‌ಗಳ ಬಾಡಿ ಕಳಚಿ, ಅವುಗಳ ಚಾಸಿಯ ಮೇಲೆ ಲೆಬ್ಯಾರನ್ ಫೇಟನ್ನಿನಂಥದೋ ಮರ್ಫಿ ಕನ್ವರ್ಟಿಬಲ್ಲಿನಂಥದೋ ಹೊಸ ಬಾಡಿ ಕೂರಿಸಲಾಗಿದೆ. ಚಾಸಿ ಅಸಲಿ, ಇಂಜಿನ್ ಅಸಲಿ, ಸಂಖ್ಯೆಗಳೂ ದಾಖಲೆಗೆ ಹೊಂದುತ್ತವೆ. ಆದರೂ ಕಾಣುವ ಕಾರು ಪ್ರತಿಕೃತಿ. ಸಂಖ್ಯೆ ಹೊಂದಿದ ಕೂಡಲೇ ಪುಸ್ತಕ ಮುಚ್ಚುತ್ತಿದ್ದ ನನಗೆ ಇದು ಬಹಳ ತಡವಾಗಿ ಅರ್ಥವಾಯಿತು.

ಇನ್ನೂ ಸೂಕ್ಷ್ಮವಾದ ಪ್ರಶ್ನೆಯೊಂದಿದೆ. ಆರ್ಥಿಕ ಕುಸಿತದ ದಿನಗಳಲ್ಲಿ ಡೀಲರುಗಳೇ ಮಾರಾಟವಾಗದ ಬಾಡಿಯನ್ನು ತೆಗೆದು, ಇನ್ನೊಂದು ಹಳೆಯ ಕಾರಿನ ಬಾಡಿಯನ್ನು ಕೂರಿಸಿ ಮಾರುತ್ತಿದ್ದರು. ಅಂದರೆ 1934ರಲ್ಲಿ ನಡೆದ ಬದಲಾವಣೆಯೂ ಇದೆ, 1984ರಲ್ಲಿ ನಡೆದ ಬದಲಾವಣೆಯೂ ಇದೆ. ಮೊದಲನೆಯದರಲ್ಲಿ ಬಾಡಿ ಅಸಲಿ ಮರ್ಫಿಯದೇ, ಆದರೆ ಅದು ಹುಟ್ಟಿದ್ದು ಬೇರೆ ಚಾಸಿಗಾಗಿ. ಎರಡನೆಯದರಲ್ಲಿ ಮರ್ಫಿಯವರ ಕೈ ಅದಕ್ಕೆ ಸೋಕಿಯೇ ಇಲ್ಲ. ಮೊದಲನೆಯದು ಕಾರಿನ ಜೀವನಚರಿತ್ರೆಯ ಒಂದು ಅಧ್ಯಾಯ, ಬೆಲೆ ಸ್ವಲ್ಪ ಇಳಿಯಬಹುದು, ಆದರೆ ಗೌರವ ಇಳಿಯಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಎರಡನೆಯದನ್ನು ಹರಾಜಿನ ಪುಟದಲ್ಲಿ ‘ಶೈಲಿಯಲ್ಲಿ’ ಎಂಬ ಒಂದೇ ಪದದಿಂದ ಸೂಚಿಸಿರುತ್ತಾರೆ. ‘ಮರ್ಫಿಯವರ ಬಾಡಿ’ ಮತ್ತು ‘ಮರ್ಫಿಯವರ ಶೈಲಿಯ ಬಾಡಿ’ ಎಂಬ ಎರಡು ಮಾತುಗಳ ನಡುವೆ ಲಕ್ಷಾಂತರ ಡಾಲರುಗಳ ಅಂತರವಿರುವುದರಿಂದ ಅಂಥ ಪುಟವನ್ನು ಅಕ್ಷರ ಬಿಡದೆ ಓದಬೇಕು.

ಬಾಡಿ ಬದಲಾಗಿದೆಯೇ ಎಂದು ತಿಳಿಯಲು ನಾನು ನೆಚ್ಚಿಕೊಂಡಿರುವ ಸುಲಭದ ದಾರಿ ಅಳತೆಪಟ್ಟಿ. ಮಾಡೆಲ್ ಜೆ ಚಾಸಿಯ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಸಾಮಾನ್ಯವಾಗಿ 142.5 ಅಂಗುಲ, ಉದ್ದನೆಯದರಲ್ಲಿ 153.5 ಅಂಗುಲ. ಏಳು ಜನ ಕೂರುವ ಲಿಮೋಸಿನ್‌ಗಳನ್ನು ಉದ್ದನೆಯ ಚಾಸಿಯ ಮೇಲೆ ಕಟ್ಟುತ್ತಿದ್ದರು. ದಾಖಲೆಯಲ್ಲಿ ಉದ್ದನೆಯ ಚಾಸಿ ಎಂದಿದ್ದು, ಎದುರಿಗೆ ನಿಂತ ರೋಡ್‌ಸ್ಟರ್ 142.5 ಅಂಗುಲ ಅಳತೆ ತೋರಿಸಿದರೆ, ಚಾಸಿಯನ್ನು ಕತ್ತರಿಸಿ ಬೆಸೆದಿದ್ದಾರೆಂದು ಅನುಮಾನಿಸಿ ಬೆಸುಗೆಯ ಗುರುತಿಗಾಗಿ ಕೆಳಗೆ ಮಲಗಿ ನೋಡಬೇಕು. ಇದಾದ ಮೇಲೆ ಮರದ ಸರದಿ. ಆ ಕಾಲದ ಬಾಡಿಗಳು ಮರದ ಹಂದರದ ಮೇಲೆ ತಗಡು ಹೊದಿಸಿದವು. ಬಾಗಿಲಿನ ಒಳಪಟ್ಟಿ ತೆಗೆದಾಗ ಕಾಣುವ ಹಳೆಯ ಮರ, ಅದರ ಮೇಲಿನ ಬಾಡಿ ಸಂಖ್ಯೆ, ಹಳೆಯ ಮೊಳೆಗಳ ತೂತುಗಳು ಸುಳ್ಳು ಹೇಳುವುದು ಕಷ್ಟ. ಕೊಳೆತ ತುಂಡುಗಳನ್ನು ಬದಲಿಸಿದ್ದರೆ ತಪ್ಪೇನಿಲ್ಲ, ಆದರೆ ಇಡೀ ಹಂದರವೇ ಹೊಸದಾಗಿದ್ದರೆ ತೆಗೆದ ಮರದ ಫೋಟೋಗಳನ್ನು ಕೇಳಿ ಪಡೆಯಬೇಕು.

ಸ್ಕ್ರೂ ಮತ್ತು ಲೇಪನ

ಇದು ಚಿಕ್ಕ ವಿಷಯ. ನಾಲ್ಕು ಮೂಲೆಯ ನಕ್ಷತ್ರದಂಥ ಫಿಲಿಪ್ಸ್ ಸ್ಕ್ರೂಗಳು ಕ್ಯಾಡಿಲಾಕ್ ಕಾರುಗಳಿಗೆ ಬಂದದ್ದು 1936ರಲ್ಲಿ. 1931ರ ಕಾರಿನಲ್ಲಿ ಅವು ಕಂಡರೆ ಆ ಭಾಗವನ್ನು ಆಮೇಲೆ ಯಾರೋ ಬಿಚ್ಚಿದ್ದಾರೆ. ಹಾಗೆಯೇ 1920ರ ದಶಕದ ಮಧ್ಯದವರೆಗಿನ ಕಾರುಗಳ ಹೊಳಪು ನಿಕ್ಕಲಿನದು, ಸ್ವಲ್ಪ ಹಳದಿ ಛಾಯೆಯದು. ಅಲ್ಲಿ ನೀಲಿ ಮಿಂಚಿನ ಕ್ರೋಮ್ ಕಂಡರೆ ಲೇಪನ ಹೊಸದು.

1959ರ ಕ್ಯಾಡಿಲಾಕ್

ಎರಡನೆಯ ಮಹಾಯುದ್ಧದ ನಂತರದ ಕಾರುಗಳಲ್ಲಿ ಬಾಡಿಯೂ ಕಂಪನಿಯದೇ ಆದ್ದರಿಂದ ಮೋಸದ ಬಗೆ ಬದಲಾಗುತ್ತದೆ: ಅಗ್ಗದ ಮಾದರಿಯನ್ನು ದುಬಾರಿ ಮಾದರಿಯಂತೆ ಅಲಂಕರಿಸುವುದು. ಎತ್ತರದ ರೆಕ್ಕೆಗಳ 1959ರ ಕ್ಯಾಡಿಲಾಕಿನಲ್ಲಿ ಸೀರೀಸ್ 62 ಕನ್ವರ್ಟಿಬಲ್‌ಗಳು 11,130 ತಯಾರಾದರೆ, ದುಬಾರಿ ಕನ್ವರ್ಟಿಬಲ್ ಆದ ಎಲ್ಡೊರಾಡೊ ಬಿಯರಿಟ್ಸ್ ತಯಾರಾದದ್ದು 1,320 ಮಾತ್ರ. ಎಲ್ಡೊರಾಡೊವಿನ ಪಕ್ಕದ ಪಟ್ಟಿಗಳನ್ನೂ ಮೂರು ಕಾರ್ಬ್ಯುರೇಟರುಗಳ 345 ಅಶ್ವಶಕ್ತಿಯ ಇಂಜಿನ್ನನ್ನೂ ಸೀರೀಸ್ 62ಕ್ಕೆ ಜೋಡಿಸಬಹುದು. ಆ ಇಂಜಿನ್ ಬೇರೆ ಮಾದರಿಗಳಿಗೂ ಹೆಚ್ಚುವರಿ ಹಣಕ್ಕೆ ಸಿಗುತ್ತಿದ್ದುದರಿಂದ ಅದೊಂದೇ ಪುರಾವೆಯಲ್ಲ. ನೋಡಬೇಕಾದದ್ದು ಕಾರಿನ ಸಂಖ್ಯೆ: 59 ಆದ ಮೇಲಿನ ಅಕ್ಷರ ಇ ಆಗಿದ್ದರೆ ಬಿಯರಿಟ್ಸ್, ಎಫ್ ಆಗಿದ್ದರೆ ಸೀರೀಸ್ 62 ಕನ್ವರ್ಟಿಬಲ್. ಬಾಡಿ ಫಲಕದ ನಮೂನೆ ಸಂಖ್ಯೆಯೂ ಅದನ್ನೇ ಹೇಳಬೇಕು.

ಬೆಲೆಯ ಲೆಕ್ಕ

ಅಸಲಿತನ ತೀರ್ಮಾನವಾಗದೆ ಬೆಲೆಗೆ ಕೈಹಾಕಬಾರದು. ಆಮೇಲೆ ಬಾಡಿಯ ನಮೂನೆ, ಕಟ್ಟಿದವರು, ಹಿಂದಿನ ಮಾಲೀಕರ ಮುರಿಯದ ಸರಪಳಿ, ಸ್ಥಿತಿ ಇವುಗಳನ್ನು ನೋಡಬೇಕು. ಸ್ಥಿತಿಯನ್ನು ನಾನು ಕೊನೆಯಲ್ಲಿಡುತ್ತೇನೆ, ಏಕೆಂದರೆ ಹಣ ಸುರಿದರೆ ಸ್ಥಿತಿ ಸುಧಾರಿಸಬಹುದು, ಉಳಿದವು ಸುಧಾರಿಸವು. ಸುಮಾರು 480 ತಯಾರಾದ ಮಾಡೆಲ್ ಜೆ ಸರಣಿಯಲ್ಲಿ 125 ಅಂಗುಲದ ಗಿಡ್ಡ ಚಾಸಿಯ ಎಸ್‌ಎಸ್‌ಜೆ ಕಾರುಗಳು ಎರಡೇ. ಒಂದು ನಟ ಕ್ಲಾರ್ಕ್ ಗೇಬಲ್ ಕೈಗೆ ಹೋಯಿತು, ಇನ್ನೊಂದು ಗ್ಯಾರಿ ಕೂಪರ್ ಕೈಗೆ. ಕೂಪರ್ ಅವರದ್ದು 2018ರಲ್ಲಿ ಪೆಬಲ್ ಬೀಚ್ ಹರಾಜಿನಲ್ಲಿ 2.2 ಕೋಟಿ ಡಾಲರಿಗೆ ಹೋಯಿತು. ಇದನ್ನು ಅಳತೆಗೋಲಾಗಿ ಹಿಡಿದು ಸಾಧಾರಣ ಸೆಡಾನ್ ಜೆ ಕಾರಿನ ಬೆಲೆ ಕಟ್ಟಬಾರದು. ಅದೇ ನಮೂನೆಯ, ಅದೇ ಕಾರ್ಖಾನೆಯ ಬಾಡಿಯ ಕಾರುಗಳ ಇತ್ತೀಚಿನ ಮಾರಾಟಗಳನ್ನಷ್ಟೇ ಹೋಲಿಸಬೇಕು.

ಹೋಲಿಸುವಾಗ ಇನ್ನೊಂದು ಎಚ್ಚರಿಕೆ ಬೇಕು. ಅಮೆರಿಕದ ಹರಾಜು ಸಂಸ್ಥೆಗಳು ಪ್ರಕಟಿಸುವ ಮೊತ್ತದಲ್ಲಿ ಸಾಮಾನ್ಯವಾಗಿ ಕೊಂಡವರು ಸಂಸ್ಥೆಗೆ ಕೊಡುವ ಶುಲ್ಕವೂ ಸೇರಿರುತ್ತದೆ. ಹರಾಜಿನ ಸುತ್ತಿಗೆ 5,00,000 ಡಾಲರಿಗೆ ಬಿದ್ದು, ಅಂದರೆ ಕೊನೆಯ ಕೂಗು ಅಷ್ಟಕ್ಕೆ ನಿಂತು, ಶುಲ್ಕ ಶೇ. 10 ಆಗಿದ್ದರೆ ಪಟ್ಟಿಯಲ್ಲಿ ಕಾಣುವುದು 5,50,000. ಮಾರಿದವರಿಗೆ ಸಲ್ಲುವುದು ಸುತ್ತಿಗೆಯ ಮೊತ್ತ ಮಾತ್ರ, ಅದರಲ್ಲೂ ಅವರ ಕಮಿಷನ್ ಇದ್ದರೆ ಅದು ಕಡಿತವಾಗುತ್ತದೆ. ಖಾಸಗಿಯಾಗಿ ಮಾರಾಟವಾದ ಕಾರಿನ ಬೆಲೆಯನ್ನು ಇದರ ಪಕ್ಕದಲ್ಲಿಡುವ ಮುನ್ನ ಪಟ್ಟಿಯ ಮೊತ್ತದಿಂದ ಆ 50,000ವನ್ನು ಕಳೆಯಬೇಕು.