ರಾತ್ರಿ ಹತ್ತರ ಪಿಟೀಲು: ಎಲೆಕ್ಟ್ರಿಕ್ ಕೊಳ್ಳುವ ಮೊದಲು ನೆಲದ ಮೇಲೆ ಕೂತು ನೋಡಿ

ತುಮಕೂರಲ್ಲಿ ಬೆಳಗ್ಗೆ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ, ರಾತ್ರಿ ಎಂಟರ ಮೇಲೆ ಮನೆ ಸೇರುವವರು ಬಹಳ. ನನ್ನ ಹತ್ತಿರ ಪಿಟೀಲು ಕಲಿಯುವ ದೊಡ್ಡವರಲ್ಲೂ ಅಂಥವರೇ ಜಾಸ್ತಿ. ಊಟ ಆಗಿ, ಮಗು ಮಲಗಿ, ಪಿಟೀಲು ಕೈಗೆ ಬರುವ ಹೊತ್ತಿಗೆ ಗಂಟೆ ಹತ್ತು. ಕೆಳಗಡೆ ಮನೆ ಓನರ್ ಇರುತ್ತಾರೆ. ಪಕ್ಕದ ಮನೆಯಲ್ಲಿ ಪಿಯುಸಿ ಓದುವ ಹುಡುಗಿ. ಮೊದಲ ಪಾಠದ ಸರಳೆ ವರಸೆ ಮೂರನೇ ಕಾಲಕ್ಕೆ, ಅಂದರೆ ಮೂರನೇ ವೇಗಕ್ಕೆ, ಬರುವಷ್ಟರಲ್ಲಿ ಯಾರಾದರೂ ಬಾಗಿಲು ತಟ್ಟುತ್ತಾರೆ.

ಹಾಗಾಗಿ ವಾರಕ್ಕೆ ಒಬ್ಬರಾದರೂ ಕೇಳುತ್ತಾರೆ: ಸಾರ್, ಹತ್ತು ಹದಿನೈದು ಸಾವಿರದೊಳಗೆ ಎಲೆಕ್ಟ್ರಿಕ್ ಪಿಟೀಲು ತಗೊಳ್ಳಲಾ? ಹೆಡ್‌ಫೋನ್ ಹಾಕಿಕೊಂಡು ಸುಮ್ನೆ ಅಭ್ಯಾಸ ಮಾಡಬಹುದಲ್ವಾ? ನಾನು ಪಾಠದ ಜೊತೆಗೆ ಪಿಟೀಲು ರಿಪೇರಿಯನ್ನೂ ಮಾಡುತ್ತೇನೆ. ಜನ ಕೊಂಡು ಕೈಸುಟ್ಟುಕೊಂಡ ವಾದ್ಯಗಳೂ ನನ್ನ ಮೇಜಿಗೇ ಬರುತ್ತವೆ, ಕೊಂಡು ಖುಷಿಪಟ್ಟವೂ ಬರುತ್ತವೆ. ಎರಡನ್ನೂ ನೋಡಿ ನನಗೆ ಒಂದು ಮಾತು ಖಾತ್ರಿಯಾಗಿದೆ. ಈ ವಾದ್ಯಗಳನ್ನು ನಿಂತು, ಗದ್ದಕ್ಕೆ ಒತ್ತಿ ನುಡಿಸುವವರಿಗಾಗಿ ಮಾಡಿರುತ್ತಾರೆ. ಕರ್ನಾಟಕ ಸಂಗೀತದ ನಾವು ಕೂತು ನುಡಿಸುವವರು. ಬಣ್ಣ, ಬೆಲೆ, ಬಾಕ್ಸಿನ ಮೇಲೆ ಬರೆದದ್ದು ಯಾವುದನ್ನೂ ನೋಡುವ ಮೊದಲು ವಾದ್ಯವನ್ನು ನೆಲದ ಮೇಲೆ ಕೂತು ಹಿಡಿದು ನೋಡಬೇಕು.

ಹೇಗೆ ಅಂತ ಹೇಳುತ್ತೇನೆ. ಅಂಗಡಿಯಲ್ಲಿ ಸಂಕೋಚ ಬೇಡ, ಒಂದು ಚಾಪೆ ಕೇಳಿ. ಚಕ್ಕಳಮಕ್ಕಳ ಹಾಕಿ ಕೂತು ಬಲಗಾಲನ್ನು ಸ್ವಲ್ಪ ಮುಂದೆ ಚಾಚಿ. ಪಿಟೀಲಿನ ತಲೆಯ ಸುರುಳಿಯನ್ನು ಬಲಗಾಲಿನ ಹರಡಿನ ಹತ್ತಿರ ಇಡಿ, ಇನ್ನೊಂದು ತುದಿಯನ್ನು ಎದೆಗೆ ಆನಿಸಿ. ಈಗ ಎಡಗೈಯನ್ನು ಪೂರ್ತಿ ಬಿಟ್ಟುಬಿಡಿ. ವಾದ್ಯ ಅಲ್ಲಾಡದೆ ನಿಂತರೆ ನಮ್ಮ ಕೆಲಸಕ್ಕೆ ಬರುತ್ತದೆ. ಪಕ್ಕಕ್ಕೆ ಹೊರಳಿದರೆ, ಅದು ಎಷ್ಟೇ ಚೆಂದ ಇರಲಿ, ಕೆಳಗಿಡಿ. ನಮ್ಮ ಎಡಗೈ ವಾದ್ಯವನ್ನು ಹೊರಬಾರದು. ಹೊತ್ತರೆ ಸ್ವರದಿಂದ ಸ್ವರಕ್ಕೆ ಎಳೆಯುವ ಜಾರು ಬರುವುದಿಲ್ಲ, ತೋಡಿ ರಾಗದ ಗಾಂಧಾರ ತೂಗುವುದಿಲ್ಲ. ಬೆರಳು ಮೇಲೆ ಕೆಳಗೆ ಓಡಾಡಬೇಕಾದ ಕೈ ಪಿಟೀಲನ್ನು ಹಿಡಿದುಕೊಳ್ಳುವುದರಲ್ಲೇ ಸೋತುಹೋಗುತ್ತದೆ.

ಕಡಿಮೆ ಬೆಲೆಯ ಎಲೆಕ್ಟ್ರಿಕ್ ಪಿಟೀಲುಗಳಲ್ಲಿ ಒಂದು ಮಾದರಿ ಎಲ್ಲ ಕಡೆ ಸಿಗುತ್ತದೆ. ಟೊಳ್ಳು ಮೈ ಇಲ್ಲ, ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಬಳುಕಿದ ಒಂದು ಚೌಕಟ್ಟು ಮಾತ್ರ. ನಾನು ಮೊದಲು ಆನ್‌ಲೈನಲ್ಲಿ ತರಿಸಿದ್ದು ಅದನ್ನೇ. ಎದೆಗೆ ಆನಿಸುವ ಜಾಗದಲ್ಲಿ ಚೌಕಟ್ಟಿನ ಅಂಚು ಪಕ್ಕೆಲುಬಿಗೆ ಒತ್ತುತ್ತಿತ್ತು. ಹೆಡ್‌ಫೋನ್ ವೈರು ಚುಚ್ಚುವ ಜಾಗ ಸರಿಯಾಗಿ ತೊಡೆಯ ಕಡೆಗಿತ್ತು. ಇಪ್ಪತ್ತು ನಿಮಿಷ ನುಡಿಸಿದರೆ ವೈರು ಮಡಚಿಕೊಂಡು ಸದ್ದು ಕಿತ್ತು ಕಿತ್ತು ಬರುತ್ತಿತ್ತು. ವಾಪಸ್ ಮಾಡೋಣ ಅಂದರೆ ಮಾರಿದವರು ಒಪ್ಪಲಿಲ್ಲ, ತಂತಿ ಬಿಗಿದಾಗಿದೆ ಅಂದರು. ಅಂಥ ಚೌಕಟ್ಟು ನಿಂತು ನುಡಿಸುವವರಿಗೆ ಸರಿಹೋಗಬಹುದು. ನಮಗೆ ಪಿಟೀಲಿನ ಪೂರ್ತಿ ಆಕಾರದ ಹೊರಗೆರೆ ಇರುವ ವಾದ್ಯ ಬೇಕು. ಕಡೇಪಕ್ಷ ಎದೆಗೆ ತಾಗುವ ಬದಿಯಾದರೂ ಮಾಮೂಲಿ ಪಿಟೀಲಿನಷ್ಟು ಅಗಲ ಇರಬೇಕು. ತಲೆಯ ಸುರುಳಿಯನ್ನು ಕತ್ತರಿಸಿ ಚೂಪು ಮಾಡಿದ ಮಾದರಿಗಳೂ ಇವೆ. ಅವು ಹರಡಿಗೆ ಚುಚ್ಚುತ್ತವೆ. ಬಟ್ಟೆ ಸುತ್ತಿ ಸುಧಾರಿಸಬಹುದು, ಆದರೆ ದುಡ್ಡು ಕೊಟ್ಟು ಯಾಕೆ ಸುಧಾರಿಸಬೇಕು?

ಇನ್ನು ಸದ್ದಿನ ವಿಷಯ. ಎಲೆಕ್ಟ್ರಿಕ್ ಪಿಟೀಲಿನಲ್ಲಿ ಕುದುರೆಯ, ಅಂದರೆ ತಂತಿಗಳನ್ನು ಹೊತ್ತು ನಿಲ್ಲುವ ಮರದ ತುಂಡಿನ, ಕೆಳಗೋ ಒಳಗೋ ಪೀಜೋ ಅನ್ನುವ ಸಣ್ಣ ತುಣುಕು ಇರುತ್ತದೆ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಅಂತ ಕ್ಯೂರಿ ಸೋದರರು 1880ರಲ್ಲಿ ಕಂಡುಕೊಂಡರಲ್ಲ, ಅದೇ ತತ್ವ. ತಂತಿ ಕಂಪಿಸಿದಾಗ ಕುದುರೆ ನಡುಗುತ್ತದೆ, ಕುದುರೆ ಪೀಜೋವನ್ನು ಒತ್ತುತ್ತದೆ, ಸಣ್ಣ ಸಂಕೇತ ಹುಟ್ಟುತ್ತದೆ. ಆ ಸಂಕೇತಕ್ಕೆ ಶಕ್ತಿ ಸಾಲದು. ಅದನ್ನು ನೇರವಾಗಿ ಹೆಡ್‌ಫೋನಿಗೆ ಕೊಟ್ಟರೆ ಏನೂ ಕೇಳುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ನಡುವೆ ಅದನ್ನು ಹಿಗ್ಗಿಸುವ ಪ್ರಿ-ಆಂಪ್ ಬೇಕು. ಅದಕ್ಕೆ ಸಾಮಾನ್ಯವಾಗಿ 9 ವೋಲ್ಟ್ ಬ್ಯಾಟರಿ ಹಾಕುತ್ತಾರೆ.

ಇಲ್ಲಿ ಜನ ಮೋಸ ಹೋಗುತ್ತಾರೆ. ‘ಎಲೆಕ್ಟ್ರಿಕ್’ ಅಂದ ಮಾತ್ರಕ್ಕೆ ಹೆಡ್‌ಫೋನ್ ಹಾಕಬಹುದು ಅಂತಲ್ಲ. ಕೆಲವು ವಾದ್ಯಗಳಲ್ಲಿ ಆಂಪ್ಲಿಫೈಯರಿಗೆ ಹೋಗುವ ದಪ್ಪ ವೈರಿನ ಜಾಗ ಮಾತ್ರ ಇರುತ್ತದೆ. ದೊಡ್ಡ ಕಂಪನಿಗಳಲ್ಲೂ ಈ ವ್ಯತ್ಯಾಸ ಇದೆ. ಯಮಾಹಾದವರು 1997ರಲ್ಲಿ ಸೈಲೆಂಟ್ ವಯಲಿನ್ ತಂದರು, ಅದು ಮನೆ ಅಭ್ಯಾಸಕ್ಕೇ ಅಂತ ಮಾಡಿದ್ದು. ಅವರದೇ ವೈಇವಿ ಸರಣಿ ವೇದಿಕೆಗೆ ಮಾಡಿದ್ದು, ಅದರಲ್ಲಿ ಹೆಡ್‌ಫೋನಿಗೆ ಜಾಗವೇ ಇಲ್ಲ. ಹೆಸರು ಒಂದೇ, ಕೆಲಸ ಬೇರೆ. ನಮ್ಮ ಬಜೆಟ್ಟಿಗೆ ಆ ಎರಡೂ ದೂರ. ಆದರೆ ಪ್ರಶ್ನೆ ಎಲ್ಲ ವಾದ್ಯಕ್ಕೂ ಅದೇ: ಸಣ್ಣ 3.5 ಮಿ.ಮೀ. ಹೆಡ್‌ಫೋನ್ ಜಾಗ ಇದೆಯಾ? ಅದರ ಪಕ್ಕ ಮೊಬೈಲ್ ಸೇರಿಸುವ ಇನ್ನೊಂದು ಜಾಗ ಇದೆಯಾ? ಆ ಎರಡನೆಯದು ನಮಗೆ ತುಂಬಾ ಮುಖ್ಯ. ಅದು ಇದ್ದರೆ ಮೊಬೈಲಿನ ತಂಬೂರಿ ಕಿವಿಯೊಳಗೆ ಪಿಟೀಲಿನ ಜೊತೆಗೇ ಬರುತ್ತದೆ. ಶ್ರುತಿ ಇಲ್ಲದೆ ಅಭ್ಯಾಸ ಮಾಡೋಕೆ ಆಗುತ್ತಾ?

ಹೆಡ್‌ಫೋನ್ ಹಾಕಿ ಮೊದಲು ಏನೂ ನುಡಿಸಬೇಡಿ. ವಾಲ್ಯೂಮ್ ಮುಕ್ಕಾಲು ತಿರುಗಿಸಿ ಸುಮ್ಮನೆ ಕೇಳಿ. ಅಗ್ಗದ ಪ್ರಿ-ಆಂಪ್ ಆಗಿದ್ದರೆ ಒಗ್ಗರಣೆ ಸಿಡಿದ ಹಾಗೆ ಸುಯ್ಯೋ ಅಂತ ಬರುತ್ತದೆ. ಸ್ವಲ್ಪ ಇದ್ದರೆ ತೊಂದರೆಯಿಲ್ಲ, ಕಮಾನು ಹಾಕಿದ ಮೇಲೆ ಮುಚ್ಚಿಹೋಗುತ್ತದೆ. ತಂಬೂರಿಯ ಷಡ್ಜಕ್ಕಿಂತ ಜೋರಾಗಿದ್ದರೆ ಬೇಡ. ಒಂದೇ ಕಿವಿಗೆ ಸದ್ದು ಬಂದರೆ ವಾದ್ಯ ಕೆಟ್ಟಿದೆ ಅಂತ ಅಲ್ಲ. ಆ ಜಾಗ ಮೋನೋ ಇರಬಹುದು, ಒಂದು ಸಣ್ಣ ಅಡಾಪ್ಟರ್ ಹಾಕಿದರೆ ಸರಿಹೋಗುತ್ತದೆ. ಬ್ಲೂಟೂತ್ ಹೆಡ್‌ಫೋನ್ ಮಾತ್ರ ಬೇಡವೇ ಬೇಡ. ಅದರಲ್ಲಿ ಸದ್ದು ತಡವಾಗಿ ಕಿವಿಗೆ ಬರುತ್ತದೆ. ಬೆರಳು ಒಂದು ಕಡೆ, ಸ್ವರ ಇನ್ನೊಂದು ಕಡೆ ಆಗಿ ತಾಳ ಕೆಡುತ್ತದೆ.

ಆಮೇಲೆ ನಾಲ್ಕು ತಂತಿಯ ಮೇಲೂ ಒಂದೇ ಒತ್ತಡದಲ್ಲಿ ಕಮಾನು ಎಳೆಯಿರಿ. ಹೋದ ವರ್ಷ ಒಬ್ಬ ಶಿಷ್ಯೆ ಹೊಸ ವಾದ್ಯ ತಂದಿದ್ದಳು. ಮೂರು ತಂತಿ ಚೆನ್ನಾಗಿ ಕೇಳುತ್ತಿದ್ದವು, ಮಂದ್ರ ಷಡ್ಜದ ತಂತಿ ಮಾತ್ರ ಬಾವಿಯೊಳಗಿಂದ ಬಂದ ಹಾಗೆ. ಮಾರಿದವರು ‘ಅದು ಹಾಗೇ’ ಅಂದರಂತೆ. ತಂತಿ ಸಡಿಲಿಸಿ ಕುದುರೆ ಎತ್ತಿ ದೀಪಕ್ಕೆ ಹಿಡಿದು ನೋಡಿದೆ. ಎಡಗಡೆ ಕಾಲು ಪೂರ್ತಿ ಕೂತಿರಲಿಲ್ಲ, ಒಂದು ಕಾಗದ ತೂರುವಷ್ಟು ಸಂದು. ಪೀಜೋಗೆ ಆ ತಂತಿಯ ಒತ್ತಡವೇ ಮುಟ್ಟುತ್ತಿರಲಿಲ್ಲ. ನುಣುಪು ಮರಳು ಕಾಗದವನ್ನು ಮಟ್ಟವಾದ ಗಾಜಿನ ಮೇಲೆ ಇಟ್ಟು, ಕುದುರೆಯ ಕಾಲನ್ನು ಹತ್ತು ಹನ್ನೆರಡು ಸಲ ಮೆಲ್ಲಗೆ ಉಜ್ಜಿದೆ. ಮತ್ತೆ ಬಿಗಿದಾಗ ನಾಲ್ಕೂ ತಂತಿ ಒಂದೇ ಮನೆಯ ಮಕ್ಕಳ ಹಾಗೆ ಮಾತಾಡಿದವು. ಆ ಹುಡುಗಿಯ ಮುಖ ನೋಡಬೇಕಿತ್ತು. ಹದಿನೈದು ನಿಮಿಷದ ಕೆಲಸ, ಆದರೆ ಮಾಡುವವರು ಬೇಕು. ಹಾಗಾಗಿ ಬಜೆಟ್ಟಿನಲ್ಲಿ ಸಾವಿರ ಒಂದೂವರೆ ಸಾವಿರವನ್ನು ಸೆಟಪ್ಪಿಗೆ ಅಂತ ಎತ್ತಿಡಿ.

ಜೇಬಲ್ಲಿ ಒಂದು ಸ್ಕೇಲೂ ಇರಲಿ. ಮೇರುವಿನಿಂದ, ಅಂದರೆ ತಂತಿ ಬಿಗಿಯುವ ಬಿರಡೆಗಳ ಹತ್ತಿರದ ಸಣ್ಣ ಪಟ್ಟಿಯಿಂದ, ಕುದುರೆಯ ತುದಿವರೆಗೆ ತಂತಿಯ ಉದ್ದ ಅಳೆಯಿರಿ. ಪೂರ್ತಿ ಅಳತೆಯ ಪಿಟೀಲಿನಲ್ಲಿ ಅದು 32.5ರಿಂದ 33 ಸೆಂ.ಮೀ. ಆಸುಪಾಸು ಇರುತ್ತದೆ. ಅಗ್ಗದ ವಾದ್ಯಗಳಲ್ಲಿ ಒಂದು ಸೆಂಟಿಮೀಟರ್ ಹೆಚ್ಚುಕಮ್ಮಿ ಆಗಿದ್ದನ್ನು ನೋಡಿದ್ದೇನೆ. ಹಾಗಾದರೆ ರಾತ್ರಿ ಎಲೆಕ್ಟ್ರಿಕ್ ಮೇಲೆ ಕಲಿತ ಬೆರಳ ಜಾಗ ಬೆಳಗ್ಗೆ ನಿಮ್ಮ ಮರದ ಪಿಟೀಲಿನಲ್ಲಿ ಅಪಸ್ವರ ಆಗುತ್ತದೆ. ಪಿಟೀಲಿಗೆ ವೀಣೆಯ ಹಾಗೆ ಮೆಟ್ಟಿಲಿಲ್ಲ, ಬೆರಳಿಗೆ ನೆನಪೇ ಆಧಾರ. ಎರಡು ವಾದ್ಯ ಎರಡು ನೆನಪು ಕೊಟ್ಟರೆ ಅಭ್ಯಾಸ ಮಾಡಿದಷ್ಟೂ ನಷ್ಟವೇ.

ಬೆರಳಿಡುವ ಹಲಗೆಯಿಂದ ತಂತಿ ಇರುವ ಎತ್ತರದಲ್ಲೂ ನಮ್ಮದೇ ಒಂದು ತೊಡಕಿದೆ, ಅಂಗಡಿಯವರು ಇದನ್ನು ಹೇಳುವುದಿಲ್ಲ. ಪಾಶ್ಚಾತ್ಯರು ನಾಲ್ಕು ತಂತಿಗಳನ್ನು ಜಿ, ಡಿ, ಎ, ಇ ಅಂತ ಬಿಗಿಯುತ್ತಾರೆ. ನಾವು ಸ-ಪ-ಸ-ಪ. ಷಡ್ಜವನ್ನು ಅವರ ಜಿಗೆ ಇಟ್ಟರೂ, ಅಂದರೆ ಐದು ಮನೆ ಶ್ರುತಿಯಲ್ಲೂ, ನಮ್ಮ ಮೇಲಿನ ಎರಡು ತಂತಿಗಳು ಅವರದಕ್ಕಿಂತ ಒಂದು ಪೂರ್ತಿ ಸ್ವರ ಕೆಳಗಿರುತ್ತವೆ. ಶ್ರುತಿ ಇನ್ನೂ ಇಳಿಸಿದರೆ ತಂತಿ ಇನ್ನೂ ಸಡಿಲ. ಸಡಿಲ ತಂತಿ ಅಗಲವಾಗಿ ಅಲ್ಲಾಡುತ್ತದೆ. ಅವರಿಗೆ ಸರಿಹೋಗುವ ಹಾಗೆ ತಗ್ಗಿಸಿಟ್ಟ ಕುದುರೆ ನಮ್ಮ ಶ್ರುತಿಯಲ್ಲಿ ಜರ್ ಜರ್ ಅನ್ನುತ್ತದೆ. ಅದಕ್ಕೇ ಅಂಗಡಿಯಲ್ಲಿ ಬಿಗಿದಿಟ್ಟ ಶ್ರುತಿಯಲ್ಲಿ ನುಡಿಸಿ ‘ಚೆನ್ನಾಗಿದೆ’ ಅನ್ನಬೇಡಿ. ನಿಮ್ಮ ಶ್ರುತಿಗೆ ಇಳಿಸಿ, ಮಂದ್ರದಲ್ಲಿ ಜಾರು ಎಳೆದು, ಆಮೇಲೆ ಹೇಳಿ. ಜೊತೆಗೆ ಬಂದ ತಂತಿಗಳನ್ನು ನಾನು ಮೊದಲ ವಾರವೇ ತೆಗೆಸುತ್ತೇನೆ. ಅಗ್ಗದ ತಂತಿಯ ಮೇಲೆ ಅಕ್ಕಪಕ್ಕದ ಸ್ವರಗಳು ನೇರ ಬರುವುದಿಲ್ಲ. ಬದಲಿಸುವಾಗ ಒಂದೊಂದೇ ತಂತಿ ತೆಗೆದು ಹಾಕಿ. ನಾಲ್ಕನ್ನೂ ಒಟ್ಟಿಗೆ ಬಿಚ್ಚಿದರೆ ಕುದುರೆ ಬಿದ್ದು ಪೀಜೋದ ಕೂದಲಂಥ ವೈರು ಕಿತ್ತುಹೋಗುತ್ತದೆ. ನನ್ನ ಮೇಜಿಗೆ ಬರುವ ಎಲೆಕ್ಟ್ರಿಕ್ ಪಿಟೀಲುಗಳಲ್ಲಿ ಈ ಕೇಸೇ ಜಾಸ್ತಿ.

ಬಿರಡೆ ಜಾರುವುದು ಮಾಮೂಲಿ. ಚೈತ್ರ ವೈಶಾಖದ ನಮ್ಮೂರ ಒಣ ಬಿಸಿಲಿಗೆ ಮರ ಕುಗ್ಗುತ್ತದೆ. ಬಿರಡೆಗೆ ಚೂರು ಸೀಮೆಸುಣ್ಣ ಹಚ್ಚಿ ಒತ್ತಿ ತಿರುಗಿಸಿದರೆ ನಿಲ್ಲುತ್ತದೆ.

ಒಂದು ಮಾತು ಬಿಚ್ಚಿ ಹೇಳಬೇಕು. ಎಲೆಕ್ಟ್ರಿಕ್ ಪಿಟೀಲು ಪೂರ್ತಿ ಮೌನ ಅಲ್ಲ. ಮೈ ಇಲ್ಲದಿದ್ದರೂ ಕಮಾನು ತಂತಿಯನ್ನು ಉಜ್ಜುವ ಸದ್ದು ಇದ್ದೇ ಇರುತ್ತದೆ. ಅದೇ ರೂಮಿನಲ್ಲಿ ಮಲಗಿದ ಕೂಸಿಗೆ ಅದು ಕೇಳುತ್ತದೆ. ಬಾಗಿಲು ಹಾಕಿದರೆ ಪಕ್ಕದ ಮನೆಗೆ ಕೇಳುವುದಿಲ್ಲ. ಇಷ್ಟೇ ಸಾಕು ಅನ್ನುವವರು ಇನ್ನೊಂದು ದಾರಿಯನ್ನೂ ನೋಡಬಹುದು. ಕುದುರೆಯ ಮೇಲೆ ಸಿಕ್ಕಿಸುವ ರಬ್ಬರಿನ ದಪ್ಪ ಮ್ಯೂಟ್ ಕೆಲವೇ ನೂರು ರೂಪಾಯಿಗೆ ಬರುತ್ತದೆ. ನಿಮ್ಮದೇ ಪಿಟೀಲು, ನಿಮ್ಮದೇ ಬೆರಳ ಜಾಗ, ಸದ್ದು ಮಾತ್ರ ಚೆನ್ನಾಗಿ ಕಮ್ಮಿ. ಸಂಗೀತದ ಜೂನಿಯರ್ ಪರೀಕ್ಷೆಗೆ ಓದುವ ಮಕ್ಕಳ ತಂದೆತಾಯಿ ಕೇಳಿದರೆ ನಾನು ಎಲೆಕ್ಟ್ರಿಕ್ ಬೇಡ, ಮ್ಯೂಟ್ ಸಾಕು ಅಂತಲೇ ಹೇಳುತ್ತೇನೆ. ಮುಕ್ಕಾಲು, ಅರ್ಧ ಅಳತೆಯ ಎಲೆಕ್ಟ್ರಿಕ್ ಚೆನ್ನಾಗಿರುವುದು ಸಿಗುವುದೂ ಕಷ್ಟ, ಮಗು ಎರಡು ವರ್ಷಕ್ಕೆ ಬೆಳೆದುಬಿಡುತ್ತದೆ.

ನನಗೆ ಜಾಸ್ತಿ ಚಿಂತೆ ಇರುವುದು ಕಮಾನಿನ ಬಗ್ಗೆ. ಮೈಕ್ ಇಲ್ಲದ ಕಾಲದಲ್ಲಿ ನಮ್ಮ ಪಿಟೀಲು ವಿದ್ವಾಂಸ ಚೌಡಯ್ಯನವರು ನಾದ ಸಭೆಯ ಕೊನೆ ಸಾಲಿಗೂ ಮುಟ್ಟಲಿ ಅಂತ ಏಳು ತಂತಿಯ ಪಿಟೀಲು ಮಾಡಿಕೊಂಡರು. ಆ ನಾದ ಹುಟ್ಟಿದ್ದು ಬಲಗೈಯಲ್ಲಿ. ಎಲೆಕ್ಟ್ರಿಕ್ ಮೇಲೆ ಬಲಗೈಗೆ ಆ ದುಡಿಮೆ ಇಲ್ಲ. ಸದ್ದು ಸಾಲದಿದ್ದರೆ ಗುಂಡಿ ತಿರುಗಿಸಿದರಾಯಿತು. ಮೂರು ತಿಂಗಳು ಬರೀ ಅದರ ಮೇಲೆ ನುಡಿಸಿದವರು ಮರದ ಪಿಟೀಲು ಹಿಡಿದರೆ ಕಮಾನು ತೇಲುತ್ತದೆ, ಸ್ವರ ಪೊಳ್ಳಾಗುತ್ತದೆ. ನಾನು ಕೇಳಿದ ತಕ್ಷಣ ಗೊತ್ತಾಗುತ್ತದೆ. ಅದಕ್ಕೇ ವಾಲ್ಯೂಮನ್ನು ಒಂದು ಗೆರೆಗೆ ನಿಲ್ಲಿಸಿ, ಸ್ಕೆಚ್ ಪೆನ್ನಿನಲ್ಲಿ ಗುರುತು ಹಾಕಿ, ಆಮೇಲೆ ಅದನ್ನು ಮುಟ್ಟಬೇಡಿ ಅನ್ನುತ್ತೇನೆ. ಜೋರು ಬೇಕಾದರೆ ಕೈಯಿಂದ ಬರಲಿ. ರಿವರ್ಬ್ ಅನ್ನುವ ಗುಂಡಿ ಇದ್ದರೆ ಅಭ್ಯಾಸದ ಹೊತ್ತಿಗೆ ಮುಚ್ಚಿಡಿ. ಅದು ದೇವಸ್ಥಾನದ ಪ್ರಾಕಾರದಲ್ಲಿ ನುಡಿಸಿದ ಹಾಗೆ ಕೇಳಿಸಿ ತಪ್ಪನ್ನೆಲ್ಲ ಮುಚ್ಚಿಬಿಡುತ್ತದೆ. ಗುರುತು ಹಾಕುವ ಗೆರೆ ತಗ್ಗಿನಲ್ಲೇ ಇರಲಿ, ಕಿವಿಗೂ ಒಳ್ಳೆಯದು. ವಾರಕ್ಕೆ 40 ಗಂಟೆ ಕೇಳುವುದಾದರೆ 80 ಡೆಸಿಬೆಲ್ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮ್ಮ ಕಿವಿ ರೈಲಿನಲ್ಲೂ ಇಯರ್‌ಫೋನ್ ಹಾಕಿಕೊಂಡೇ ಬಂದಿರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಎಡಗೈಗೆ ಮಾತ್ರ ಈ ವಾದ್ಯ ದೊಡ್ಡ ಉಪಕಾರ ಮಾಡುತ್ತದೆ. ಮೈ ಇಲ್ಲದ್ದರಿಂದ ಸ್ವರಕ್ಕೆ ಅನುರಣನೆ ಇಲ್ಲ, ಬೆರಳು ಒಂದು ಕೂದಲೆಳೆ ತಪ್ಪಿದರೂ ತಂಬೂರಿಯ ಪಕ್ಕ ಬೆತ್ತಲಾಗಿ ಕೇಳುತ್ತದೆ. ಬಟವಾಡಿ ಕಡೆಯಿಂದ ಬರುವ ನನ್ನ ಶಿಷ್ಯರೊಬ್ಬರು ನಲವತ್ತು ದಾಟಿದವರು, ದಿನಾ ಬೆಂಗಳೂರಿಗೆ ಓಡಾಡುವವರು. ಅವರಿಗೆ ಮಾಯಾಮಾಳವಗೌಳ ರಾಗದ ರಿಷಭ ಎರಡು ವರ್ಷ ಮೇಲಕ್ಕೇ ಹೋಗುತ್ತಿತ್ತು. ಅವರು ಪೂರ್ತಿ ಹೊರಗೆರೆ ಇರುವ ವಾದ್ಯವನ್ನು ಹುಡುಕಿ ಕೊಂಡರು. ಕುದುರೆ ನಾನು ಕೂರಿಸಿಕೊಟ್ಟೆ. ದಿನಾ ರಾತ್ರಿ ಹತ್ತರಿಂದ ಮುಕ್ಕಾಲು ಗಂಟೆ ಎಲೆಕ್ಟ್ರಿಕ್, ಭಾನುವಾರ ಬೆಳಗ್ಗೆ ಮರದ ಪಿಟೀಲಿನಲ್ಲಿ ಬರೀ ಉದ್ದ ಕಮಾನು, ಒಂದೊಂದು ಸ್ವರಕ್ಕೆ ಎಂಟೆಂಟು ಎಣಿಕೆ. ನಾಲ್ಕನೇ ತಿಂಗಳು ಪಾಠಕ್ಕೆ ಬಂದು ಸರಳೆ ನುಡಿಸಿದಾಗ ರಿಷಭ ತನ್ನ ಜಾಗದಲ್ಲಿ ಕೂತಿತ್ತು. ನಾನು ಏನೂ ಹೇಳಲಿಲ್ಲ, ಇನ್ನೊಂದು ಸಲ ನುಡಿಸಿ ಅಂದೆ. ಆಗಲೂ ಅಲ್ಲೇ ಕೂತಿತ್ತು.