ಡೆಂಗ್ಯೂ ವರದಿಯಲ್ಲಿ ನಾನು ಮೊದಲು ಓದುವ ಸಾಲು

ಮಳೆಗಾಲ ಹಿಡಿದ ಮೇಲೆ ನಮ್ಮ ವಾರ್ಡಿನಲ್ಲಿ ದಿನವಿಡೀ ಕೇಳಿಬರುವ ಪ್ರಶ್ನೆ ಒಂದೇ: "ಡಾಕ್ಟರೇ, ಪ್ಲೇಟ್‌ಲೆಟ್ ಎಷ್ಟಾಯಿತು?" ಹಾಸಿಗೆಯ ಬದಿಯಲ್ಲಿ ಕುಳಿತ ತಾಯಿಗೂ ಅದೇ ಬೇಕು, ದುಬೈಯಿಂದ ಗಂಟೆಗೊಮ್ಮೆ ಫೋನ್ ಮಾಡುವ ಅಣ್ಣನಿಗೂ ಅದೇ ಬೇಕು. 2019ರ ಮಳೆಗಾಲದಲ್ಲಿ ಮಂಗಳೂರು ನಗರವನ್ನು ಡೆಂಗ್ಯೂ ಕಂಗೆಡಿಸಿದಾಗಲೂ ಹೀಗೆಯೇ ಇತ್ತು. 2024ರಲ್ಲಿ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ ವರ್ಷವೂ ಬದಲಾಗಲಿಲ್ಲ. ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪುಕಣಗಳ ಪಾಲು, ಎಷ್ಟಿದೆ ಎಂದು ಕೇಳಿದವರು ಇಷ್ಟು ವರ್ಷಗಳಲ್ಲಿ ಬೆರಳೆಣಿಕೆಯಷ್ಟು ಮಂದಿ. ಅದೂ ಅದೇ ಕಾಗದದಲ್ಲಿ, ಪ್ಲೇಟ್‌ಲೆಟ್ ಸಾಲಿನ ಆಚೀಚೆ ಅಚ್ಚಾಗಿರುತ್ತದೆ.

ಒಂದು ಬೆಳಗಿನ ರೌಂಡ್ಸ್ ನೆನಪಿಗೆ ಬರುತ್ತದೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗ. ಪ್ಲೇಟ್‌ಲೆಟ್ 14 ಸಾವಿರ. ಮನೆಯವರೆಲ್ಲ ಅತ್ತು ಕಣ್ಣು ಕೆಂಪಗೆ ಮಾಡಿಕೊಂಡಿದ್ದರು. ಹುಡುಗ ಮಾತ್ರ ಎದ್ದು ಕುಳಿತು ಉಪ್ಪಿನಕಾಯಿ ನೆಂಚಿಕೊಂಡು ಗಂಜಿ ಉಣ್ಣುತ್ತಿದ್ದ. ಪಿಸಿವಿ ಮೂರು ದಿನದಿಂದ 43, 44, 43. ಪಕ್ಕದ ಹಾಸಿಗೆಯಲ್ಲಿ ಉಳ್ಳಾಲದ ಕಡೆಯ, ಬೀಡಿ ಕಟ್ಟುವ ಮೂವತ್ತಾರರ ಹೆಂಗಸು. ಹಿಂದಿನ ರಾತ್ರಿ ಜ್ವರ ಬಿಟ್ಟಿತ್ತು, ಪ್ಲೇಟ್‌ಲೆಟ್ 62 ಸಾವಿರವಿತ್ತು. "ಇನ್ನು ಮನೆಗೆ ಹೋಗಬಹುದಲ್ಲ?" ಎಂದು ಗಂಡ ಕೇಳಿದರು. ಆಕೆ ಮಾತಾಡಲಿಲ್ಲ, ಹೊಟ್ಟೆಯ ಮೇಲೆ ಕೈಯಿಟ್ಟು ಮಗ್ಗುಲಾಗಿದ್ದರು. ಪಿಸಿವಿ 39. ಹೆಂಗಸರಿಗೆ 36ರಿಂದ 46 ಸಹಜವೆಂದು ವರದಿಯಲ್ಲೇ ಅಚ್ಚಾಗಿರುತ್ತದೆ. ಹಾಗಾಗಿ ಆ ಸಾಲಿಗೆ ದಪ್ಪಕ್ಷರವೂ ಇರಲಿಲ್ಲ, ನಕ್ಷತ್ರದ ಗುರುತೂ ಇರಲಿಲ್ಲ.

"ಅಕ್ಕಾ, ಹಳೆಯ ರಕ್ತಪರೀಕ್ಷೆಯ ಚೀಟಿ ಏನಾದರೂ ಇದೆಯೇ?" ಎಂದು ಕೇಳಿದೆ. ಗಂಡ ಪ್ಲಾಸ್ಟಿಕ್ ಚೀಲ ತಡಕಾಡಿ, ಎಂಟು ತಿಂಗಳ ಹಿಂದೆ ಸುಸ್ತೆಂದು ಮಾಡಿಸಿದ್ದ ವರದಿಯನ್ನು ಮಡಿಕೆ ಬಿಡಿಸಿ ಕೊಟ್ಟರು. ಪಿಸಿವಿ 32. ಆಕೆಗೆ ಮೊದಲಿನಿಂದಲೂ ರಕ್ತ ಕಡಿಮೆ. 32 ಇದ್ದದ್ದು 39 ಆಗಿದೆಯೆಂದರೆ ಶೇ 20ಕ್ಕಿಂತ ಹೆಚ್ಚು ಏರಿದೆ. ಡೆಂಗ್ಯೂವಿನಲ್ಲಿ ಅಷ್ಟು ಏರಿದರೆ ರಕ್ತನಾಳಗಳು ಸೋರುತ್ತಿವೆ ಎಂದೇ ಅರ್ಥ. ಕೈ ಮುಟ್ಟಿದೆ, ತಣ್ಣಗಿತ್ತು. ರಕ್ತದೊತ್ತಡ 100ಕ್ಕೆ 84. ಮೇಲಿನದಕ್ಕೂ ಕೆಳಗಿನದಕ್ಕೂ ಬರೀ 16ರ ಅಂತರ. ಈ ಅಂತರ 20ಕ್ಕೆ ಇಳಿಯಿತೆಂದರೆ ರೋಗಿ ಶಾಕ್‌ಗೆ, ಅಂದರೆ ಅಂಗಾಂಗಗಳಿಗೆ ರಕ್ತ ಸಾಲದ ಸ್ಥಿತಿಗೆ, ಜಾರುತ್ತಿದ್ದಾರೆ. ನೂರು ಇದೆಯಲ್ಲ ಎಂದು ಸಮಾಧಾನಪಡುವಂತಿಲ್ಲ.

ಪಿಸಿವಿ ಎಂದರೇನು? ರಕ್ತವನ್ನು ಸಣ್ಣ ನಳಿಗೆಯಲ್ಲಿಟ್ಟು ಗಿರ್ರನೆ ತಿರುಗಿಸಿದರೆ ಕೆಂಪುಕಣಗಳು ಕೆಳಗೆ ಕೂರುತ್ತವೆ, ಹಳದಿ ದ್ರವ ಮೇಲೆ ನಿಲ್ಲುತ್ತದೆ. ನೂರು ಪಾಲಿನಲ್ಲಿ ಕಣಗಳ ಪಾಲೆಷ್ಟು ಎಂಬುದೇ ಈ ಅಂಕಿ. ಈಗ ಯಂತ್ರ ಅದನ್ನು ಲೆಕ್ಕಹಾಕಿ ಕೊಡುತ್ತದೆ. ನಮ್ಮೂರಿನ ಕುಚ್ಚಲಕ್ಕಿ ಗಂಜಿಯನ್ನು ನೆನೆಸಿಕೊಳ್ಳಿ. ತೆಳಿ ಬಸಿದುಹೋದರೆ ಬಟ್ಟಲಿನಲ್ಲಿ ಅಗುಳೇ ತುಂಬಿದಂತೆ ಕಾಣುತ್ತದೆ, ಆದರೆ ಅನ್ನ ಒಂದಗುಳೂ ಹೆಚ್ಚಾಗಿರುವುದಿಲ್ಲ. ಡೆಂಗ್ಯೂವಿನಲ್ಲೂ ಹೀಗೆಯೇ. ವೈರಸ್ಸಿನ ಎನ್‌ಎಸ್‌1 ಎಂಬ ಪ್ರೋಟೀನು, ಜೊತೆಗೆ ನಮ್ಮ ದೇಹದ್ದೇ ಉರಿಯೂತದ ರಾಸಾಯನಿಕಗಳು ಸೇರಿ ಕಿರುನಾಳಗಳ ಒಳಪದರವನ್ನು ಹಾಳುಮಾಡುತ್ತವೆ. ರಕ್ತದ ತೆಳಿ ಹೊಟ್ಟೆಗೂ ಪುಪ್ಪುಸದ ಸುತ್ತಲಿನ ಜಾಗಕ್ಕೂ ಸೋರುತ್ತದೆ. ಒಳಗೆ ಉಳಿದ ರಕ್ತ ಗಟ್ಟಿಯಾಗುತ್ತದೆ, ಪಿಸಿವಿ ಏರುತ್ತದೆ. ಡೆಂಗ್ಯೂವಿನಲ್ಲಿ ಹೆಚ್ಚಿನ ಜೀವಗಳನ್ನು ತೆಗೆಯುವುದು ಈ ಸೋರಿಕೆಯೇ. ರಕ್ತಸ್ರಾವ ಬಹಳ ಸಲ ಅದರ ಬೆನ್ನಿಗೆ ಬರುತ್ತದೆ.

ಈ ಸೋರಿಕೆಗೆ ಒಂದು ಕಾಲವಿದೆ. ಜ್ವರ ಶುರುವಾದ ದಿನದಿಂದ ಎಣಿಸಿದರೆ ಮೂರರಿಂದ ಏಳನೆಯ ದಿನದ ನಡುವೆ, ಸಾಮಾನ್ಯವಾಗಿ ಜ್ವರ ಇಳಿಯುವ ಹೊತ್ತಿಗೆ ಅದು ಆರಂಭವಾಗುತ್ತದೆ. 24ರಿಂದ 48 ಗಂಟೆ ಇದ್ದು ನಿಲ್ಲುತ್ತದೆ. ಜ್ವರ ಬಿಟ್ಟಿತೆಂದು ಮನೆಯವರು ದೇವರಿಗೆ ಕೈಮುಗಿಯುವ ದಿನವೇ ನಮಗೆ ಅತ್ಯಂತ ಎಚ್ಚರದ ದಿನ. ಆದ್ದರಿಂದ ನಾನು ಕೇಸ್ ಶೀಟಿನಲ್ಲಿ ಪ್ರತಿ ಅಂಕಿಯ ಪಕ್ಕದಲ್ಲೂ ಅದು ಜ್ವರದ ಎಷ್ಟನೆಯ ದಿನ ಎಂದು ಬರೆಯುತ್ತೇನೆ. ದಿನ ಗೊತ್ತಿಲ್ಲದ ಅಂಕಿಯಿಂದ ನನಗೆ ಅರ್ಧ ಉಪಯೋಗ ಮಾತ್ರ.

ಇನ್ನು ಪ್ಲೇಟ್‌ಲೆಟ್. ಅದು ಬೇಡದ ಅಂಕಿಯಲ್ಲ. ಅದು ದಡದಡನೆ ಇಳಿಯುತ್ತಿರುವಾಗಲೇ ಪಿಸಿವಿ ಏರುತ್ತಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿ ಅದನ್ನು ಅಪಾಯದ ಸೂಚನೆಗಳ ಸಾಲಿಗೆ ಸೇರಿಸುತ್ತದೆ. ಬಿಡದ ಹೊಟ್ಟೆನೋವು, ಪದೇಪದೇ ವಾಂತಿ, ಒಸಡಿನ ರಕ್ತ, ಮಂಕು ಕವಿಯುವುದು ಅದೇ ಸಾಲಿನಲ್ಲಿವೆ. ಆದರೆ ಪ್ಲೇಟ್‌ಲೆಟ್ಟನ್ನು ಮಾತ್ರ ನೋಡಿ ಯಾರ ಹಣೆಬರಹವನ್ನೂ ಹೇಳಲಾಗದು. ಯಂತ್ರಕ್ಕೆ ಎಣಿಕೆ ತಪ್ಪುವುದೂ ಉಂಟು. ಕೆಲವರ ರಕ್ತದಲ್ಲಿ ನೇರಳೆ ಮುಚ್ಚಳದ ನಳಿಗೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಹಾಕಿರುವ ಔಷಧಕ್ಕೆ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಯಂತ್ರ ಇಡೀ ಗುಂಪನ್ನೇ ಎಣಿಕೆಯಿಂದ ಬಿಟ್ಟುಬಿಡುತ್ತದೆ. ರೋಗಿ ಲವಲವಿಕೆಯಿಂದಿದ್ದು ಅಂಕಿ ಪಾತಾಳಕ್ಕಿಳಿದಿದ್ದರೆ ನಾನು ಲ್ಯಾಬಿಗೆ ಹೋಗಿ ಗಾಜಿನ ಮೇಲೆ ಸವರಿದ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತೇನೆ. ಅಂಚಿನಲ್ಲಿ ನೇರಳೆ ಬಣ್ಣದ ಸಣ್ಣ ಮುದ್ದೆಗಳು ಕಂಡವೆಂದರೆ ಮನೆಯವರಿಗೆ ನಿಜವಾದ ಸಮಾಧಾನ ಹೇಳಬಹುದು.

ರಕ್ತಸ್ರಾವವಿಲ್ಲದವರಿಗೂ ಅಂಕಿ ನೋಡಿ ಪ್ಲೇಟ್‌ಲೆಟ್ ಕೊಡಬೇಕೇ? ಸಿಂಗಪುರ ಮತ್ತು ಮಲೇಷ್ಯಾದಲ್ಲಿ ಅಂಕಿ 20 ಸಾವಿರಕ್ಕಿಂತ ಹೆಚ್ಚಿಲ್ಲದ 372 ವಯಸ್ಕರ ಮೇಲೆ ನಡೆದ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಪ್ಲೇಟ್‌ಲೆಟ್ ಕೊಟ್ಟದ್ದರಿಂದ ರಕ್ತಸ್ರಾವ ಗಮನಾರ್ಹವಾಗಿ ತಗ್ಗಲಿಲ್ಲ, ಅಡ್ಡಪರಿಣಾಮಗಳು ಮಾತ್ರ ಹೆಚ್ಚಾದವು. ಹೀಗಿದ್ದೂ ನಡುರಾತ್ರಿ ರಕ್ತನಿಧಿಗೆ ಓಡುವ ಮನೆಯವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಪಪ್ಪಾಯಿ ಎಲೆಯ ರಸದ ಬಗ್ಗೆಯೂ ಇಷ್ಟೇ ಹೇಳುತ್ತೇನೆ: ಸೋರಿಕೆಯನ್ನು ಅದು ನಿಲ್ಲಿಸುತ್ತದೆ ಎಂಬುದಕ್ಕೆ ಪುರಾವೆಯಿಲ್ಲ. ಮೊದಲೇ ವಾಂತಿ ಮಾಡುತ್ತಿರುವವರಿಗೆ ಆ ಕಹಿ ಕುಡಿಸಿ ಇನ್ನಷ್ಟು ವಾಂತಿ ಮಾಡಿಸಬೇಡಿ. ತೆಳಿ, ಬೊಂಡದ ನೀರು, ಓಆರ್‌ಎಸ್, ಯಾವುದು ಹೊಟ್ಟೆಯಲ್ಲಿ ನಿಲ್ಲುತ್ತದೋ ಅದನ್ನು ಕೊಡಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಮೈಕೈ ನೋವಿಗೆಂದು ಬೇರೆ ಸೂಜಿ ಬೇಡ.

ವೃತ್ತಿಯ ಆರಂಭದ ದಿನಗಳಲ್ಲಿ ಒಂದು ಆಸ್ಪತ್ರೆಯಲ್ಲಿ ನಾನೇ ಮಾಡಿದ ತಪ್ಪನ್ನು ಹೇಳಲೇಬೇಕು. ಏಳನೆಯ ದಿನ, ರೋಗಿ ಚೇತರಿಸಿಕೊಳ್ಳುತ್ತಿದ್ದರು, ಪಿಸಿವಿ ಇಳಿಯುತ್ತಿತ್ತು. ಪ್ಲೇಟ್‌ಲೆಟ್ ಇನ್ನೂ 30 ಸಾವಿರದಲ್ಲೇ ಇದೆಯೆಂದು ಡ್ರಿಪ್ ನಿಲ್ಲಿಸದೆ ಬಿಟ್ಟೆ. ಸೋರಿಹೋಗಿದ್ದ ದ್ರವ ಆ ಹಂತದಲ್ಲಿ ತಾನಾಗಿಯೇ ರಕ್ತಕ್ಕೆ ಮರಳುತ್ತದೆ. ಅದರ ಮೇಲೆ ನಾನೂ ಸುರಿದೆ. ರಾತ್ರಿ ಎರಡು ಗಂಟೆಗೆ ಅವರು ಉಸಿರು ಸಿಗದೆ ಎದ್ದು ಕುಳಿತರು, ಪುಪ್ಪುಸದಲ್ಲಿ ನೀರು. ಬದುಕಿದರು. ಆದರೆ ತಪ್ಪು ಸಾಲನ್ನು ಓದಿ ಚಿಕಿತ್ಸೆ ಮಾಡಿದೆನಲ್ಲ ಎಂಬ ನೋವು ಇಂದಿಗೂ ಹೋಗಿಲ್ಲ.

ಪ್ಲೇಟ್‌ಲೆಟ್ ಕುಸಿದದ್ದೆಲ್ಲ ಡೆಂಗ್ಯೂವೂ ಅಲ್ಲ. ನಮ್ಮ ಕರಾವಳಿಯಲ್ಲಿ ಮಲೇರಿಯಾ ಇದೆ, ಗದ್ದೆಗಿಳಿಯುವವರಿಗೆ ಇಲಿಜ್ವರವಿದೆ, ಬೇಸಿಗೆಯಲ್ಲಿ ಘಟ್ಟದ ಮೇಲಿನಿಂದ ಮಂಗನ ಕಾಯಿಲೆಯವರು ಬರುತ್ತಾರೆ. ಎಲ್ಲದರಲ್ಲೂ ಅದು ಇಳಿಯುತ್ತದೆ. ಯಕೃತ್ತಿನ ಕಿಣ್ವಗಳಾದ ಎಎಸ್‌ಟಿ, ಎಎಲ್‌ಟಿ ಸಾಧಾರಣವಾಗಿ ಏರಿ, ಕಾಮಾಲೆ ತೋರಿಸುವ ಬಿಲಿರುಬಿನ್ ಮತ್ತು ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ಜೋರಾಗಿ ಏರಿದ್ದರೆ ನನ್ನ ಗುಮಾನಿ ಇಲಿಜ್ವರದತ್ತ ಹೊರಳುತ್ತದೆ. ಡೆಂಗ್ಯೂವಿನಲ್ಲಿ ಎಎಲ್‌ಟಿಗಿಂತ ಎಎಸ್‌ಟಿ ಮುಂದೆ ಓಡುತ್ತದೆ. ಆ ಎರಡರಲ್ಲಿ ಒಂದು ಸಾವಿರ ಮುಟ್ಟಿದರೂ ಅದು ತೀವ್ರ ಡೆಂಗ್ಯೂ. ಲ್ಯಾಕ್ಟೇಟ್ ಏರಿದರೆ ಅಂಗಾಂಗಗಳಿಗೆ ರಕ್ತ ಸಾಲುತ್ತಿಲ್ಲವೆಂದು ತಿಳಿಯುತ್ತದೆ. ಕಬ್ಬಿಣಾಂಶ ಕೂಡಿಡುವ, ಉರಿಯೂತದಲ್ಲಿ ಏರುವ ಫೆರಿಟಿನ್ ಎಂಬ ಪ್ರೋಟೀನು ಹಲವು ಸಾವಿರ ದಾಟಿ ಜ್ವರವೂ ಬಿಡದಿದ್ದರೆ ರೋಗನಿರೋಧಕ ವ್ಯವಸ್ಥೆಯೇ ಹದ್ದು ಮೀರಿದೆಯೇ ಎಂದು ಹುಡುಕುತ್ತೇನೆ.

ಕೋವಿಡ್ ಕಾಲದಲ್ಲಿ ಡಿ-ಡೈಮರ್, ಐಎಲ್-6, ಎಲ್‌ಡಿಎಚ್ ಎಂದು ಪುಟಗಟ್ಟಲೆ ವರದಿ ಹಿಡಿದು ಬಂದವರನ್ನು ಎಲ್ಲರೂ ಕಂಡಿದ್ದೇವೆ. ಅಂಥ ಪರೀಕ್ಷೆಗಳಲ್ಲಿ ಉರಿಯೂತದ ಮಟ್ಟ ತೋರಿಸುವ ಸಿಆರ್‌ಪಿ ನಿಜವಾಗಿಯೂ ಕೆಲಸಕ್ಕೆ ಬಂತು. ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ಆಮ್ಲಜನಕ ಕಡಿಮೆಯಾಗಿ, ಸಿಆರ್‌ಪಿ 75 ಅಥವಾ ಅದಕ್ಕಿಂತ ಹೆಚ್ಚಿದ್ದವರಿಗೆ ಉರಿಯೂತ ತಗ್ಗಿಸುವ ಟೊಸಿಲಿಜುಮಾಬ್ ಎಂಬ ಔಷಧ ಕೊಟ್ಟಾಗ ಸಾವು ಕಡಿಮೆಯಾಯಿತು. ಅಲ್ಲಿಯೂ ಅಂಕಿಯೊಂದನ್ನೇ ನೋಡಲಿಲ್ಲ, ರೋಗಿಯ ಉಸಿರನ್ನೂ ಜೊತೆಗಿಟ್ಟು ನೋಡಿದರು. ಅಂಕಿಯನ್ನು ನೋಡಿದ ಮೇಲೆ ನಾನು ಮಾಡುವ ಕೆಲಸ ಬದಲಾಗುವುದಿಲ್ಲವಾದರೆ ಆ ಪರೀಕ್ಷೆಯನ್ನು ಬರೆಯಲು ನನ್ನ ಪೆನ್ನು ಏಳುವುದಿಲ್ಲ.

ಉಳ್ಳಾಲದ ಆ ಅಕ್ಕನಿಗೆ ಮೊದಲ ಗಂಟೆಯಲ್ಲಿ ಸುಮಾರು 400 ಮಿಲಿಲೀಟರ್ ಸಲೈನ್ ಹೋಯಿತು. ಕೈ ಬೆಚ್ಚಗಾಯಿತು, ಮಧ್ಯಾಹ್ನ ಮೂತ್ರ ಹೋಯಿತು, ಸಿಸ್ಟರ್ ಬಂದು ಹೇಳಿದಾಗ ನನಗೆ ಅರ್ಧ ಭಾರ ಇಳಿಯಿತು. ಪಿಸಿವಿ ಸಂಜೆಗೆ 37, ಮರುದಿನ ಬೆಳಿಗ್ಗೆ 34. ಪ್ಲೇಟ್‌ಲೆಟ್ ಆ ದಿನ 41 ಸಾವಿರಕ್ಕೆ ಇಳಿದಿತ್ತು, ಆದರೂ ಡ್ರಿಪ್ಪಿನ ವೇಗ ತಗ್ಗಿಸಿದೆ, ಅದರ ಮರುದಿನ ನಿಲ್ಲಿಸಿದೆ. ಮನೆಗೆ ಕಳುಹಿಸುವಾಗ ಹೊರರೋಗಿ ಚೀಟಿಯ ಹಿಂಬದಿಯಲ್ಲಿ "ಪಿಸಿವಿ 32" ಎಂದು ದೊಡ್ಡದಾಗಿ ಬರೆದು, ಮುಂದೆ ಯಾವ ಜ್ವರಕ್ಕೆ ಯಾವ ಡಾಕ್ಟರ ಬಳಿ ಹೋದರೂ ಇದನ್ನು ತೋರಿಸಿ ಎಂದೆ. ಕಬ್ಬಿಣಾಂಶದ ಮಾತ್ರೆ ಕೊಟ್ಟೆ. ಮೂರು ತಿಂಗಳ ಬಳಿಕ ದಂಪತಿ ಮತ್ತೆ ಬಂದರು, ಚೀಟಿಯೂ ಜೊತೆಗಿತ್ತು. 32ನ್ನು ಹೊಡೆದುಹಾಕಿ, ಕೆಳಗೆ 37 ಎಂದು ಬರೆದು, ದಿನಾಂಕ ಹಾಕಿ ಕೊಟ್ಟೆ.